ಮೂರನೆಯ ಗಾದಿಯ ಮೂಲೆ

ಮೊಬೈಲಿನ ಆಟದಲ್ಲಿ ಕನ್ನಡಕದ ಮುದುಕ ಮತ್ತೆ ಕೆಂಪಾದ, ಅವನಿಗೆ ಕಿಟಕಿಯೇ ಬೇಕಂತೆ, ಕಿಟಕಿಯ ಬೆಂಚಿನಲ್ಲೇ ಕೂರಿಸಿದ್ದೇನಲ್ಲ, ಆದರೂ ಮುಖ ಕಳಿತ ಟೊಮೇಟೊದ ಹಾಗೆ — ಓ, ಪಕ್ಕದಲ್ಲಿ ಬೆಕ್ಕಿನವಳು, ಬೆಕ್ಕು ಅವನಿಗೆ ಆಗಿಬರುವುದಿಲ್ಲ, ಬೆರಳಿನಿಂದ ಅವಳನ್ನು ಎತ್ತಿದರೆ ಕಾಲು ಜೋತುಬಿಟ್ಟು ಗಾಳಿಯಲ್ಲಿ ತೂಗುತ್ತಾಳೆ, ಎಲ್ಲಿ ಇಳಿಸಲಿ ನಿನ್ನನ್ನು, ಮೂರು ಬೆಂಚು, ಒಂದೊಂದರಲ್ಲಿ ಇಬ್ಬರು, ಎಲ್ಲರ ತಲೆಯ ಮೇಲೂ ಬಿಳಿ ಗುಳ್ಳೆ, ಗುಳ್ಳೆಯೊಳಗೆ ಅವರವರ ಹಟ, ಕೊಡೆ ಹಿಡಿದ ಹೆಂಗಸಿನ ತಲೆಯ ಮೇಲೆ ಮಾತ್ರ ಏನೂ ಇಲ್ಲ, ಅವಳಿಗೇನು ಬೇಕೋ ಆಟ ಮಾಡಿದವನು ಬರೆದಿಲ್ಲ, ಮೊಬೈಲಿನ ಅಂಚಿನಲ್ಲಿ ಕೊಡೆ ಮಡಚಿಕೊಂಡು ಕಾಯುತ್ತಿದ್ದಾಳೆ. ಪಡಸಾಲೆಯಲ್ಲಿ ಕೆಮ್ಮು, ದಪ್ಪನೆಯ ಕೆಮ್ಮು, ಅದು ಅಬ್ದುಲಗನಿ ಸಾಹೇಬರದು, ವಸೀಮ ಭಾವನ ಸೋದರಮಾವ, ಲಕ್ಷ್ಮೇಶ್ವರದಿಂದ ಬಸ್ಸಿನ ಧೂಳು ಕುಡಿದುಕೊಂಡು ಬಂದವರು, ಕೆಮ್ಮು ಕಿಟಕಿಯ ಕಡೆಯಿಂದ ಬಂತು, ಅಂದರೆ ಇಲ್ಲಿಯೂ ಮುದುಕನಿಗೆ ಕಿಟಕಿ ಸಿಕ್ಕಿದೆ, ಈ ಅಡುಗೆಮನೆಯ ಬಾಗಿಲ ಪರದೆಯ ಆಚೆಯೂ ಆರೇ ಜನ, ನಾನು ಅಡುಗೆಮನೆಯ ನೆಲದ ಮೇಲೆ, ಪರದೆಗೆ ಬೆನ್ನು ಕೊಟ್ಟು, ಅಕ್ಕ ಒಲೆಯ ಮುಂದೆ, ಚಹಾ ಉಕ್ಕಿ ಬರುವುದನ್ನು ಪಾತ್ರೆಯ ಕಂಠದವರೆಗೆ ಬಿಟ್ಟು ಮತ್ತೆ ಇಳಿಸುತ್ತಾಳೆ, ಮತ್ತೆ ಬಿಡುತ್ತಾಳೆ. ಅವಳನ್ನು ಕರೆದೊಯ್ಯಲೆಂದೇ ಬಂದಿದ್ದಾರೆ ಅವರು. ರಂಜಾನಿಗೆ ತವರಿಗೆ ಬಂದವಳು ಬಕ್ರೀದ್ ಕಳೆದರೂ ಹೋಗಿಲ್ಲ, ಯಾಕೆಂದು ಬಾಯಿಬಿಟ್ಟಿಲ್ಲ, ಇವತ್ತು ಅವರ ಹಿಂದೆ ಬಸ್ಸು ಹತ್ತಬೇಕು, ಹತ್ತದಿದ್ದರೆ ಸಂಬಂಧ ಹರಿದ ಹಾಗೆ, ಅವಳ ಅತ್ತೆ ಫೋನಿನಲ್ಲೇ ಹೇಳಿದ್ದರು, ನಾವು ಕರಿಯಾಕ ಬರೂದು ಇದ ಕಡೀದು ನೋಡ್ರಿ ಲಾಡಸಾಬ್, ಅಪ್ಪ ಹೂಂರಿ ಹೂಂರಿ ಅನ್ನುತ್ತ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಅದು ಜಾರಿ ಬಿದ್ದೀತು ಎಂಬಂತೆ.

ಅಸ್ಮಾ, ಚಾ ಆತೇನ, ಅಂತ ಆಯಿ, ಅಪ್ಪನ ತಾಯಿ, ನನ್ನನ್ನು ಕೂಗಿದಳು, ಆಯಿಯ ದನಿ ಪರದೆಗೆ ಅಂಟಿಕೊಂಡೇ ಇದೆ, ಅಡುಗೆಮನೆಯ ಕಡೆಯ ಗಾದಿಯ ಮೇಲೆ ಅವಳು, ಮತ್ತೆ ಅವಳ ಪಕ್ಕದಿಂದ ಬಳೆಗಳ ಸದ್ದು, ಅದು ಅಕ್ಕನ ಅತ್ತೆ, ಬಳೆ ಅಂಗಡಿಯವರು, ಮೊಳಕೈವರೆಗೆ ತಮ್ಮ ಅಂಗಡಿಯನ್ನೇ ತೊಟ್ಟುಕೊಂಡು ಬಂದಿದ್ದಾರೆ, ಹೆಂಗಸರಿಬ್ಬರೂ ಒಂದು ಬೆಂಚು, ಸರಿ, ಬೆಕ್ಕಿನವಳನ್ನು ಟೊಪ್ಪಿಗೆಯವಳ ಪಕ್ಕ ಇಳಿಸಿದೆ, ಇಬ್ಬರೂ ನಕ್ಕರು, ಮುದುಕನ ಪಕ್ಕಕ್ಕೆ ಚೀಲದವನನ್ನು ಹಾಕಿದೆ, ಅವರೂ ನಕ್ಕರು. ಆತು ಆಯಿ, ತರತೀನಿ, ಅಂದೆ, ಅಕ್ಕ ತಿರುಗಿ ನೋಡಲಿಲ್ಲ, ಉಕ್ಕಿಸಿ ಇಳಿಸಿದಳು. ಕಿಟಕಿಯಲ್ಲಿ ಪಿಚಕ್ಕೆಂದು ಉಗುಳಿದ ಸದ್ದು, ದ್ಯಾಮಪ್ಪ ಕಾಕಾ, ಪಕ್ಕದ ಮನೆಯವರು, ಮಗ್ಗ ನಿಲ್ಲಿಸಿ ಎದ್ದು ಬಂದಿದ್ದಾರೆ, ಮಾತು ಹರಿಯದ ಹಾಗೆ ನಡುವೆ ಒಬ್ಬರಿರಲಿ ಎಂದು ಅಪ್ಪನೇ ಕರೆದ, ಎಲೆ ಅಡಿಕೆ ಬಾಯಲ್ಲಿದ್ದವರಿಗೆ ಕಿಟಕಿಯೇ ಬೇಕು, ಆದ್ದರಿಂದ ಅಬ್ದುಲಗನಿ ಸಾಹೇಬರು ಮತ್ತೆ ದ್ಯಾಮಪ್ಪ ಕಾಕಾ ಒಂದು ಗಾದಿ, ಆಯಿ ಮತ್ತೆ ಅತ್ತೆ ಒಂದು ಗಾದಿ, ಬೀದಿ ಬಾಗಿಲ ಕಡೆಯ ಗಾದಿಯಲ್ಲಿ ವಸೀಮ ಭಾವ ಒಬ್ಬನೇ, ಅಪ್ಪ ಯಾವುದರ ಮೇಲೂ ಇಲ್ಲ, ಅಪ್ಪ ನೆಲದ ಮೇಲೆ, ಹೊಸ್ತಿಲ ಪಕ್ಕದ ಗೋಡೆಗೆ ಒರಗಿ, ಹತ್ತಿ ಹಿಂಜುವ ಪಿಂಜಾರ ತಾನು ಹೊಲಿದ ಗಾದಿಯ ಮೇಲೆ ಬೇರೆಯವರೆದುರು ಕೂರುವುದಿಲ್ಲ, ನಮ್ಮ ಮನೆಯಲ್ಲಿ ಅದು ಹಳೆಯ ನಡೆ, ಹೆತ್ತವಳು ಮಗಳ ಪಲ್ಲಕ್ಕಿಯಲ್ಲಿ ಕುಂಡ್ರತಾಳೇನ ಅಂತಾಳೆ ಆಯಿ. ಆಟದಲ್ಲಿ ನೆಲವೇ ಇಲ್ಲ, ನೆಲದ ಮೇಲೆ ಕೂರುತ್ತೇನೆ ಅನ್ನುವವನನ್ನು ಎಲ್ಲಿ ಇಡುತ್ತಿದ್ದರು. ಆ ಗಾದಿಗಳೂ ನಮ್ಮವಲ್ಲ, ಮುಂಡರಗಿಯ ಮದುವೆಯ ಮನೆಯವು, ಕೊಡಬೇಕಾದವು, ನೀಲಿ ಪಟ್ಟೆಯ ಬಟ್ಟೆ, ಕೆಂಪು ದಾರ, ನಮ್ಮ ಹಳೆಯವು ರೊಟ್ಟಿಯ ಹಾಗೆ ತಟ್ಟಿಹೋಗಿವೆ, ಅವನ್ನು ಎಳೆದು ತರುತ್ತಿದ್ದೆ, ಆಯಿ ತಡೆದಳು, ಹೊಸಾವ ಹಾಸು, ಬೀಗರ ಮುಂದ ನಮ್ಮ ಕೆಲಸ ಕಾಣಲಿ, ಅಪ್ಪ ಅಂದ, ಅವು ಗಿರಾಕಿವು ಬೇ, ಆಯಿ ಅಂದಳು, ಗಿರಾಕಿ ಮುಂಡರಗ್ಯಾಗ ಅದಾನ, ಅವನ ಕಣ್ಣ ಏನ ಇಲ್ಲೀ ತನಕ ಬರತಾವೇನಲೇ. ನಾನು ನಕ್ಕೆ, ಹಾಸಿದೆ, ಹಿತ್ತಲಲ್ಲಿ ಒಂದರ ಮೇಲೊಂದು ಒಟ್ಟಿದ್ದವು, ಮೇಲಿನದು ಮೊದಲು, ಆಮೇಲೆ ಅದರ ಕೆಳಗಿನದು, ಆಮೇಲೆ — ಕೆಂಪು ದಾರ, ಕೆಂಪು ದಾರದ ಬಾಲ — ದಬ್ಬಣ ಎಲ್ಲಿ.

ದಬ್ಬಣ ಎಲ್ಲಿ. ಅಂಗೈಗಿಂತ ಉದ್ದದ ದಬ್ಬಣ, ಹಿತ್ತಲಲ್ಲಿ ಮೂರನೆಯ ಗಾದಿಯ ಕಡೆಯ ಮೂಲೆಗೆ ಬಂದಿದ್ದೆ, ಮೂಲೆ ಒಬ್ಬರ ಕೈಲಿ ಆಗುವ ಕೆಲಸವಲ್ಲ, ಒಬ್ಬರು ಹತ್ತಿಯನ್ನು ಒಳಗೆ ಒತ್ತಿ ಬಟ್ಟೆಯ ಕಿವಿ ಚಿವುಟಿ ಹಿಡಿಯಬೇಕು, ಇನ್ನೊಬ್ಬರು ದಬ್ಬಣ ತೂರಿಸಬೇಕು, ಅಕ್ಕನನ್ನು ಕರೆದೆ, ಅಪ್ಪ ಬೇಡವೆಂದ, ಇವತ್ತ ಅಕೀ ಕೈಯಾಗ ದಬ್ಬಣ ಕೊಡಬ್ಯಾಡ, ಬೀಗರು ಬರೂ ಹೊತ್ತು, ಅದಕ್ಕೆ ಅಪ್ಪನ ಕೈ ಬಿಡುವಾಗಲೆಂದು ಒಬ್ಬಳೇ ಕಾಯುತ್ತಿದ್ದೆ, ಓಣಿಯಲ್ಲಿ ಬೀಗರು ಬಂದ್ರು ಬಂದ್ರು ಅಂದರು, ಹೇಳಿದ್ದಕ್ಕಿಂತ ಮುಂಚಿನ ಬಸ್ಸು ಹಿಡಿದು ಬಂದುಬಿಟ್ಟಿದ್ದರು, ಎದ್ದೆ, ದಬ್ಬಣವನ್ನು ನೆಲಕ್ಕೆ ಇಡಬಾರದು, ನೆಲಕ್ಕಿಟ್ಟ ದಬ್ಬಣ ಕಾಲು ಹುಡಕತೈತಿ, ಗಾದಿಗೇ ಚುಚ್ಚಿಡು, ಅಪ್ಪ ಚಿಕ್ಕಂದಿನಿಂದ ಕಲಿಸಿದ್ದು, ಚುಚ್ಚಿಟ್ಟೆ, ಓಡಿದೆ, ಆಮೇಲೆ ಹಾಸಿದೆ. ಅಂದರೆ ಪಡಸಾಲೆಯಲ್ಲಿ ಈಗ ಒಬ್ಬರ ಮಗ್ಗುಲಲ್ಲಿ ಅದು ನಿಂತಿದೆ. ಹೋಗಿ ತೆಗೆಯಬಹುದು, ಗಂಡಸರು ಮಾತಿಗೆ ಕೂತಿರುವಾಗ ಮದುವೆಯಾಗದ ಹುಡುಗಿ ಹೋಗಿ ಸ್ವಲ್ಪ ಏಳ್ರಿ ಅನ್ನಬಹುದು, ಅನ್ನಲಾಗದು, ಅತ್ತೆಯ ಬಾಯಿಗೆ ಅವಲಕ್ಕಿ ಹಾಕಿದ ಹಾಗೆ, ನೋಡ್ರಿ, ಮುಗೀಲಾರದ ಗಾದಿ ಮ್ಯಾಲ ಕುಂಡ್ರಿಸಿದ್ರು, ದಬ್ಬಣ ಸಮೇತ. ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ, ಇದೂ ಒಂದು ಗುಳ್ಳೆ ಅನ್ನಿಸಿತು, ಇನ್ನೊಂದು ಹಂತ, ದಬ್ಬಣಕ್ಕೆ ಯಾರ ಪಕ್ಕ ಬೇಕು.

ಅತ್ತೆ ಮಾತಾಡುತ್ತಿದ್ದಾರೆ, ಬಳೆ ಮಾತಾಡುತ್ತಿವೆ, ನಾವೇನ ಹೊಡದೇವೇನ್ರಿ, ಬಡದೇವೇನ್ರಿ, ಉಣ್ಣಾಕ ಕಡಿಮಿ ಮಾಡೇವೇನ್ರಿ, ಕೇಳ್ರಿ ನಿಮ್ಮ ಮಗಳನ್ನ, ದ್ಯಾಮಪ್ಪ ಕಾಕಾ ಅಂದರು, ಹೊಡದ್ರಷ್ಟ ಹೋಗಬಾರದನೂ ಹಂಗೇನಿಲ್ಲಲ್ರಿ ಅಕ್ಕಾರ, ಮನಸಿಗೇನರ ಹತ್ತಿರತೈತಿ, ಅತ್ತೆ ಅಂದರು, ಮನಸಿಗಿ ಏನ ಹತ್ತತೈತ್ರಿ, ಹತ್ತಿದ್ರ ಹತ್ತಿ ಹತ್ತಬೇಕು, ಬಂದ ದಿನದಿಂದ ಅದ ಒಂದ ಹಟ, ಗಾದಿ ಹೊಲೀತೀನಿ ಗಾದಿ ಹೊಲೀತೀನಿ, ಬಳಿ ಇಡೂ ಮನಿ ನಮ್ಮದು, ಹೆಣ್ಣಮಕ್ಕಳ ಕೈ ನುಣ್ಣಗಿರಬೇಕು, ತಲಿ ತುಂಬ ಹತ್ತಿ ಹಚಗೊಂಡ ಸೊಸಿ ಅಂಗಳದಾಗ ಕುಂತ್ರ ಗಿರಾಕಿ ಒಳಗ ಬರತಾರೇನ್ರಿ. ಆಯಿ ಏನೋ ನೆನೆಸುತ್ತಿರಬೇಕು, ನನಗೂ ಅದೇ ನೆನಪಾಗುತ್ತಿದೆಯೋ ಏನೋ, ಚಳಿಗೆ ಹತ್ತಿಯ ರಾಶಿಯೊಳಗೆ ಕುತ್ತಿಗೆವರೆಗೆ ಹುಗಿದುಕೊಂಡು ನಾನೂ ಅಕ್ಕನೂ ಕೇಳುತ್ತಿದ್ದ ಕಥೆ, ಅಪ್ಪ ಬಿಲ್ಲು ಮೀಟಿ ಹತ್ತಿ ಹಿಂಜುತ್ತಿದ್ದ, ಧುಂಯ್ ಧುಂಯ್, ಅದರ ತಾಳಕ್ಕೆ ಆಯಿ, ಒಬ್ಬಾಕಿ ರಾಣಿ ಇದ್ಲು, ಸವತಿ ಅಕೀ ತಲಿ ಹಿಕ್ಕತೀನಿ ಅಂದು ನೆತ್ತಿಗಿ ಸೂಜಿ ಚುಚ್ಚಿದ್ಲು, ರಾಣಿ ಹಕ್ಕಿ ಆದ್ಲು, ಹಕ್ಕಿ ರಾಜನ ತೊಡಿ ಮ್ಯಾಲನ ಕುಂಡ್ರತಿತ್ತು, ರಾಜ ಕಾಳು ಹಾಕತಿದ್ದ, ಪುಕ್ಕ ಸವರತಿದ್ದ, ಮಾತಾಡಾಕ ಮಾತ್ರ ಬರತಿದ್ದಿಲ್ಲ ಅದಕ್ಕ. ಆಮ್ಯಾಲ ಏನಾತ ಆಯಿ, ಅಂತ ನಾವು ಕೇಳಿದರೆ, ಆಮ್ಯಾಲ ಯಾರರ ಬರಬೇಕು, ಕೈಯಾಡಿಸಬೇಕು, ಸೂಜಿ ಸಿಗಬೇಕು. ಅಕ್ಕ ಆಗಲೇ ಕೇಳಿದ್ದಳು, ಹಕ್ಕಿಗೆ ಕೊಕ್ಕಿರತೈತೆಲ್ಲ ಆಯಿ, ತಾನ ಯಾಕ ಕಿತಗೊಳ್ಳಲಿಲ್ಲ. ನೆತ್ತಿಗಿ ಕೊಕ್ಕು ಮುಟ್ಟತೈತೇನ ಹುಚ್ಚಿ, ಅಂದಿದ್ದಳು ಆಯಿ. ಅಕ್ಕನ ನಿಖಾ ಆದ ಹೊಸತರಲ್ಲಿ ಬಿಂಕದಕಟ್ಟಿಯ ಝೂಗೆ ಹೋಗಿದ್ದೆವು ಮೂವರೂ, ಜಾಲರಿಯ ಮುಂದೆ ಭಾವ ಹಕ್ಕಿಗಳ ಹೆಸರಿನ ಫಲಕ ಓದುತ್ತ ನಿಂತಿದ್ದ, ಒಂದೊಂದನ್ನೂ, ಪೂರ್ತಿ, ಅಕ್ಕ ಅವನ ಅಂಗಿಯ ತೋಳಿನ ಬಿಚ್ಚಿದ ಹೊಲಿಗೆ ನೋಡುತ್ತಿದ್ದಳು, ಕೆಟ್ಟವನಲ್ಲ ಭಾವ, ಅವನು ಓದಿದ್ದನ್ನು ನಂಬುವವನು, ಫಲಕದಲ್ಲಿ ಇಲ್ಲದ್ದು ಅವನಿಗೆ ಕಾಣುವುದಿಲ್ಲ. ರಂಜಾನಿಗೆ ಬಂದಾಗ ಅಕ್ಕನ ಬೆರಳು ಮುಟ್ಟಿ ನೋಡಿದ್ದೆ, ದಬ್ಬಣ ಒತ್ತಿ ಒತ್ತಿ ಕಟ್ಟಿದ್ದ ಗಟ್ಟಿ ಚರ್ಮ ಸುಲಿದುಹೋಗಿ ಮಗುವಿನ ಬೆರಳಿನ ಹಾಗೆ ಮೆತ್ತಗಾಗಿತ್ತು, ಅವಳ ಪೆಟ್ಟಿಗೆಯಲ್ಲಿ ಅಪ್ಪ ಕೊಟ್ಟ ದಬ್ಬಣವಿರಲಿಲ್ಲ, ಅಟ್ಟದ ಮ್ಯಾಲ ಒಗದಾರ, ಅಂದಿದ್ದಳು, ಅಷ್ಟೇ ಅಂದಿದ್ದಳು. ಈಗ ಮತ್ತೆ ಗಟ್ಟಿಯಾಗಿದೆ.

ಕಿಟಕಿಯ ಗಾದಿಯಲ್ಲಿರಬಹುದೇ, ಇಲ್ಲ, ಅಬ್ದುಲಗನಿ ಸಾಹೇಬರು ಕೆಮ್ಮಿದಾಗಲೆಲ್ಲ ಪಕ್ಕಕ್ಕೆ ವಾಲುತ್ತಾರೆ, ಇಷ್ಟೊತ್ತಿಗೆ ಚುಚ್ಚಿರುತ್ತಿತ್ತು. ಮೂರನೆಯ ಗಾದಿ ಮೇಲಿತ್ತು, ಮೇಲಿನದನ್ನು ಮೊದಲು ಹಾಸಿದೆ, ಮೊದಲು ಎಲ್ಲಿ ಹಾಸಿದೆ, ಹಾಸುವಾಗ ಬಗ್ಗಿದವಳ ಕಣ್ಣಿಗೆ ಬಿಸಿಲು ಹೊಡೆದಿತ್ತು, ಈ ಹೊತ್ತಿನಲ್ಲಿ ಬಿಸಿಲು ಬರುವುದು ಬೀದಿ ಬಾಗಿಲಿನಿಂದ, ಬೀದಿ ಬಾಗಿಲ ಕಡೆಯ ಗಾದಿ, ವಸೀಮ ಭಾವನ ಗಾದಿ. ಅವನು ಒಬ್ಬನೇ. ಪಕ್ಕ ಖಾಲಿ. ಮೂಲೆ ಯಾವ ಕಡೆ — ಪರದೆಯನ್ನು ಒಂದು ಬೆರಳಷ್ಟು ಸರಿಸಿದೆ, ನೀಲಿ ಪಟ್ಟೆ, ಪಟ್ಟೆಯ ಕೊನೆಯಲ್ಲಿ, ಖಾಲಿ ಜಾಗದ ಅಂಚಿನಲ್ಲಿ, ಕೆಂಪು ದಾರದ ಬಾಲ, ಅದರ ಬುಡದಲ್ಲಿ ಬಿಸಿಲಿಗೆ ಒಂದು ಚುಕ್ಕೆ ಬೆಳಕು. ಭಾವ ಮೊಣಕಾಲ ಮೇಲೆ ಕೈಯಿಟ್ಟು ಗೋಡೆಯಲ್ಲಿ ತೂಗುಹಾಕಿದ ಅಪ್ಪನ ಬಿಲ್ಲು ನೋಡುತ್ತ ಕೂತಿದ್ದಾನೆ, ಬಿಲ್ಲಿಗೆ ಫಲಕವಿಲ್ಲ. ಪರದೆ ಬಿಟ್ಟೆ. ಆಟದಲ್ಲಿ ಉಳಿದವರು ಇಬ್ಬರು, ಪುಸ್ತಕ ಓದುವ ಹುಡುಗ, ಪಕ್ಕದಲ್ಲಿ ಮಾತಾಡುವವರು ಯಾರೂ ಬೇಡ ಎಂದು ಅವನ ಗುಳ್ಳೆ, ಮತ್ತೆ ಕೊಡೆಯ ಹೆಂಗಸು. ಅವಳಿಗೆ ಗುಳ್ಳೆಯೇ ಇಲ್ಲವಲ್ಲ, ಎಷ್ಟು ಹೊತ್ತಿನಿಂದ ಅವಳನ್ನು ಕಷ್ಟವೆಂದುಕೊಂಡಿದ್ದೆ, ಅವಳು ಮಾತಾಡುವುದಿಲ್ಲ, ಅದೇ ಉತ್ತರ, ಎತ್ತಿ ಹುಡುಗನ ಪಕ್ಕ ಇಟ್ಟೆ, ಆರೂ ಮುಖ ನಕ್ಕವು, ಸ್ಕ್ರೀನಿನ ತುಂಬ ಬಣ್ಣದ ಕಾಗದದ ಚೂರು ಉದುರಿದವು, ಸದ್ದಿಲ್ಲದೆ, ಸೌಂಡ್ ಬಂದ್ ಮಾಡಿದ್ದೆ.

ಫರ್ಹಾನಾ, ಅಂತ ಅಬ್ದುಲಗನಿ ಸಾಹೇಬರು ಅಕ್ಕನನ್ನು ಕರೆದರು, ಬಾರವಾ ಹೊರಗ, ನಿನ್ನ ಬಾಯಿಂದ ಒಂದ ಮಾತ ಕೇಳಿಬಿಡೂಣ, ಬರ್ತೀಯೋ ಬರಾಂಗಿಲ್ಲೋ, ಹೂಂ ಅನ್ನು ಇಲ್ಲಾ ಊಂಹೂಂ ಅನ್ನು. ಅತ್ತೆ ಅಂದರು, ನಿಲ್ಲಬ್ಯಾಡ, ಅಲ್ಲೇ ವಸೀಮನ ಬಾಜೂಕ ಜಾಗಾ ಐತೆಲ್ಲ, ಕುಂಡ್ರು, ಹಿರ್ಯಾರು ನಾವ ಹೇಳಾಕತ್ತೇವಿ, ನಾಚಿಕೆ ಏನ. ಆರು ಮುಖ ನಗಬೇಕು. ಅಕ್ಕ ಒಲೆ ಆರಿಸಿದಳು, ಸೆರಗಿನಿಂದ ಕೈ ಒರೆಸಿಕೊಂಡಳು, ನಾನು ಅವಳ ಸೀರೆಯ ನಿರಿಗೆ ಹಿಡಿದೆ, ಅಕ್ಕಾ, ಆ ಗಾದ್ಯಾಗ ದಬ್ಬಣ ಐತಿ, ನೀ ಕುಂಡ್ರೂ ಕಡೆ, ಮರತ ಬಿಟ್ಟೀನಿ. ಗೊತ್ತೈತಿ, ಅಂದಳು, ಅವಾಗಿಂದ ಪರದೀ ಸಂದ್ಯಾಗ ಅದನ್ನ ನೋಡಾಕತ್ತೀನಿ. ಪರದೆ ಸರಿಸಿ ಹೋದಳು, ಪರದೆ ಪೂರ್ತಿ ಮುಚ್ಚಲಿಲ್ಲ, ಅಪ್ಪನ ಕಾಲು ದಾಟದೆ ಸುತ್ತಿಬಂದು ಅವಳು ಗಾದಿಯ ಹತ್ತಿರ ನಿಂತಳು, ಭಾವ ಸ್ವಲ್ಪ ಸರಿದ, ಅವಳು ಕೂತಳು, ಗಾದಿಯ ಮೇಲಲ್ಲ, ಗಾದಿಯ ಮುಂದೆ, ನೆಲದ ಮೇಲೆ, ಅಪ್ಪನ ಹಾಗೆ, ಅತ್ತೆ ಅಂದರು, ಮ್ಯಾಲ ಕುಂಡ್ರ ಅಂದ್ರ, ಅವಳು ಕೈ ಚಾಚಿ ಮೂಲೆಯಿಂದ ದಬ್ಬಣ ಎಳೆದಳು, ಉದ್ದಕ್ಕೆ, ಸಲೀಸಾಗಿ, ಬಿಸಿಲು ಅದರ ಮೇಲೆ ಒಂದು ಸಲ ಓಡಿತು. ಕಥೆಯಲ್ಲಿ ಸೂಜಿ ಕೀಳಲು ಬೇರೆ ಯಾರಾದರೂ ಬರುತ್ತಿದ್ದರು. ಮೂಲಿ ಉಳದೈತ್ರಿ, ಅಂದಳು ಅಕ್ಕ, ದನಿ ಏರಿಸದೆ, ಇದ ನನ್ನ ಕೆಲಸ, ನಾ ಬರತೀನಿ, ಇದ ನನ್ನ ಕೂಡ ಬರತೈತಿ, ನಿಮ್ಮ ಅಂಗಳದಾಗ ಹಾಸ್ಕೊಂಡ ಹೊಲೀತೀನಿ, ಬ್ಯಾಡಂದ್ರ ನಾನೂ ಬರೂದಿಲ್ರಿ. ಅತ್ತೆ ಆಯಿಯ ಕಡೆ ತಿರುಗಿದರು, ಕೇಳಿದಿರೇನ್ರಿ, ಆಯಿ ಅಂದಳು, ಕಿವಿ ಮಂದ ಆಗ್ಯಾವ್ರಿ, ಆದ್ರ ಇದ ಕೇಳಿಸ್ತು. ಅಕ್ಕ ಬಟ್ಟೆಯ ಕಿವಿ ಮಡಚಿದಳು, ಹತ್ತಿ ಹೊರಗೆ ಉಬ್ಬಿತು, ಒಂದೇ ಕೈಯಲ್ಲಿ ಆಗುವುದಿಲ್ಲ, ಅವಳಿಗೆ ಗೊತ್ತು, ಮೂಲಿ ಯಾರರ ಹಿಡೀರಿ, ಅಂದಳು, ಯಾರನ್ನೂ ನೋಡಲಿಲ್ಲ. ಅಪ್ಪ ಏಳಲು ಹೋದ, ದ್ಯಾಮಪ್ಪ ಕಾಕಾ ಕಣ್ಣಲ್ಲೇ ಕೂರು ಅಂದರು, ನಾನು ಪರದೆಯ ಅಂಚಿನಲ್ಲಿ, ಕೈಯಲ್ಲಿ ಮೊಬೈಲು, ಮುಂದಿನ ಹಂತಕ್ಕೆ ಹೋಗುವೆಯಾ ಎಂದು ಕೇಳುತ್ತಿದೆ, ಹೋಗುವುದಿಲ್ಲ, ಒತ್ತಲಿಲ್ಲ. ವಸೀಮ, ಅಂದರು ಅತ್ತೆ, ಬರೀ ಹೆಸರು, ಭಾವನ ಕೈ ಮೊಣಕಾಲ ಮೇಲಿನಿಂದ ಎದ್ದಿತ್ತು, ಗಾಳಿಯಲ್ಲಿ ತೂಗಿತು, ಬೆಕ್ಕಿನವಳ ಕಾಲಿನ ಹಾಗೆ, ಇಳಿಯಲು ಜಾಗ ಗೊತ್ತಿಲ್ಲದೆ, ಆಮೇಲೆ ಮೂಲೆಯನ್ನು ಹಿಡಿಯಿತು, ತಪ್ಪಾಗಿ, ತೀರಾ ಮೇಲೆ, ಅಕ್ಕ ದಬ್ಬಣದ ಹಿಂಬದಿಯಿಂದ ಅವನ ಬೆರಳನ್ನು ಮುಟ್ಟಿ ಕೆಳಗೆ ಸರಿಸಿದಳು, ಇಲ್ಲಿ ಅಲ್ಲ, ಇಲ್ಲಿ, ಒತ್ತಿ ಹಿಡಿ, ಅವನು ಒತ್ತಿ ಹಿಡಿದ, ಬಳೆ ಸದ್ದು ಮಾಡಲಿಲ್ಲ, ದಬ್ಬಣ ಬಟ್ಟೆಗೆ ಇಳಿಯಿತು, ಹತ್ತಿಯೊಳಗೆ, ಗಟ್ಟಿ ಹತ್ತಿ, ನಡುವೆ ನಿಂತಿತು, ಅರ್ಧ ಒಳಗೆ, ಅರ್ಧ ಹೊರಗೆ, ಅವನ ಬೆರಳ ಪಕ್ಕದಲ್ಲೇ, ಅದರ ಹಿಂದೆ ಕೆಂಪು ದಾರ, ನೀಲಿ ಪಟ್ಟೆಯ ಮೇಲೆ, ಕೆಂಪು ದಾರದ ಬಾಲ, ಕೆಂಪು ದಾರ —