ಸುರಂಗದಲ್ಲಿ ಎದ್ದು ನಿಂತವರು

ವಿರುಪಾಕ್ಷಪ್ಪನವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ಅವರು ಪುಸ್ತಕ ವಿಮರ್ಶೆ ಬರೆಯುತ್ತಿದ್ದರು, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕವನ್ನೂ ಕೊಡುತ್ತಿದ್ದರು. ಧಾರವಾಡದ ಕಡೆಯವರು, ಠಾಣೆ ಪಟ್ಟಣದ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್. ಬೆಳಗಿನ ಫಾಸ್ಟ್ ಲೋಕಲ್ ರೈಲು ಹತ್ತಿ ಡೊಂಬಿವಲಿಯಲ್ಲಿ ಪುಸ್ತಕ ಬಿಚ್ಚಿದರೆ ಠಾಣೆ ಬರುವಷ್ಟರಲ್ಲಿ ಅಂಕ ಬಿದ್ದಿರುತ್ತಿತ್ತು. ಅಷ್ಟು ಹೊತ್ತಿಗೆ ಎಷ್ಟು ಪುಟವೋ ಅಷ್ಟೇ ಪುಸ್ತಕ. ಇದನ್ನು ಅವರೇ ಎಲ್ಲರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು, ಕೇಳಿದವರು ತಲೆದೂಗುತ್ತಿದ್ದರು.

೧೯೮೭ರಲ್ಲಿ ಅವರ ಕೈಗೆ ಸಿಕ್ಕಿದ್ದು ನಾನು. ಅಪ್ಪನದು ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲು. ನಾನು ಠಾಣೆಯಲ್ಲಿ ವಕೀಲರೊಬ್ಬರ ಬಳಿ ಟೈಪಿಸ್ಟ್, ದಿನವಿಡೀ ಬೇರೆಯವರ ಜಗಳಗಳನ್ನು ಟೈಪ್ ಮಾಡುವ ಕೆಲಸ. ಮಸ್ಕತ್‌ನಿಂದ ಬಂದ ಚಿಕ್ಕಪ್ಪನ ಮಗ ಮುರಾರಿ ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದ. ಅದರ ಪುಸ್ತಕ ಓದಿಕೊಂಡು, ಹದಿನಾಲ್ಕು ತಿಂಗಳು ಕೂತು ನಾನೊಂದು ವಿಡಿಯೋ ಗೇಮ್ ಬರೆದೆ. ಡೊಂಬಿವಲಿಯಲ್ಲಿ ಲೋಕಲ್ ಹತ್ತಬೇಕು, ಜನರ ನಡುವೆ ನುಸುಳಿ ಠಾಣೆಯಲ್ಲಿ ಇಳಿಯಬೇಕು, ಅಷ್ಟೇ ಆಟ. ಮುಂಬ್ರಾದ ಗುಡ್ಡ ಬಂದಾಗ ಸುರಂಗ, ಪರದೆ ಪೂರ್ತಿ ಕಪ್ಪು. ಆ ಕತ್ತಲಲ್ಲಿ ಬರೀ ಶಬ್ದ ಕೇಳಿಕೊಂಡು ಬಾಗಿಲು ಹುಡುಕಬೇಕು. ನನ್ನ ಬುದ್ಧಿಯೆಲ್ಲ ಖರ್ಚಾಗಿದ್ದು ಆ ಕತ್ತಲಿಗೇ.

ಠಾಣೆಯ ಹತ್ತಿರದ ರಬಾಳೆಯಲ್ಲಿ ಇಂಥ ಕಂಪ್ಯೂಟರ್ ತಯಾರಿಸುವ ಸಣ್ಣ ಕಾರ್ಖಾನೆ ಇಟ್ಟಿದ್ದ ಶೇಖರಣ್ಣ ನಮ್ಮ ಕಡೆಯವರೇ, ಕಾರ್ಕಳದವರು. ಆಟ ತುಂಬಿದ ಕ್ಯಾಸೆಟ್ ಒಂದನ್ನು ಅವರಿಗೆ ಕೊಟ್ಟಿದ್ದೆ. "ನನಗೆ ಈ ಆಟ ಗೀಟ ಎಂತದೂ ತಿಳಿಯುದಿಲ್ಲ ಮಾರಾಯ್ತಿ," ಎಂದಿದ್ದರು. "ಸಂಘದ ಪ್ರದರ್ಶನದಲ್ಲಿ ಇಡು. ಏಳು ಅಂಕ ಬಂದ್ರೆ ಪ್ರೋಗ್ರಾಂ ಬರೆಯುವ ಕೆಲಸ ನಿನಗೇ." ಆ ಟೈಪ್‌ರೈಟರ್ ಮುಂದೆ ಮುದುಕಿಯಾಗುವುದು ತಪ್ಪಬೇಕಾದರೆ ನನಗೆ ಆ ಏಳು ಬೇಕೇ ಬೇಕಿತ್ತು.

ಭಾನುವಾರ ಮಧ್ಯಾಹ್ನ, ಶಾಲೆಯ ಸಭಾಂಗಣ, ತೀರ್ಪುಗಾರರು ವಿರುಪಾಕ್ಷಪ್ಪನವರು. ಕುಳಿತರು, ಕೀ ಒತ್ತಿದರು, ಲೋಕಲ್ ಹತ್ತಿದರು. ಪರವಾಗಿಲ್ಲ, ಚೆನ್ನಾಗಿಯೇ ಆಡಿದರು. ಸುರಂಗ ಬಂತು. ಪರದೆ ಕಪ್ಪಾದದ್ದೇ ತಡ, ಎದ್ದು ನಿಂತುಬಿಟ್ಟರು.

ಠಾಣೆಗೆ ಹೋಗುವ ಯಾರನ್ನಾದರೂ ನೋಡಿ. ಸುರಂಗ ಹೊಕ್ಕ ಕೂಡಲೇ ಏಳುತ್ತಾರೆ, ಆಗಲೇ ಬಾಗಿಲ ಹತ್ತಿರ ಸರಿಯದಿದ್ದರೆ ಠಾಣೆಯಲ್ಲಿ ಇಳಿಯುವುದು ಕನಸು. ಹದಿನೆಂಟು ವರ್ಷದಿಂದ ಅವರು ಹಾಗೇ ಎದ್ದವರು. ಈಗಲೂ ಎದ್ದರು, ಎದ್ದ ಮೇಲೆ ಯಾಕೆ ಎದ್ದೆನೆಂದು ತಮಗೇ ತಿಳಿಯದೆ ಸುತ್ತ ನೋಡಿದರು. ಜನ ನೋಡುತ್ತಿದ್ದರಲ್ಲ, ಮತ್ತೆ ಕೂರಲು ಮರ್ಯಾದೆ ಅಡ್ಡ ಬಂತು. ಕಿಸೆಯಿಂದ ಪೆನ್ನು ತೆಗೆದರು.

"ಮಷಿನ್ ಬಂದ್ ಬಿತ್ತಲ್ಲವಾ," ಎಂದರು. "ಇರ್ಲಿ, ಐದು ಹಾಕ್ತೀನಿ."

"ಬಂದ್ ಆಗ್ಲಿಲ್ಲ ಸರ್, ಅದು ಸುರಂಗ. ಇನ್ನೂ ಉಂಟು. ಕೂತ್ಕೊಳ್ಳಿ."

"ಪೂರಾ ನೋಡೂದೇನೈತಿ ಇದರಾಗ? ನಾ ಎರಡುನೂರು ಪುಸ್ತಕಕ್ಕ ಮಾರ್ಕ್ಸ್ ಕೊಟ್ಟೀನಿ. ಒಂದೂ ಪೂರಾ ಓದಿಲ್ಲ. ಒಬ್ಬರರೆ ತಪ್ಪು ಅಂದಾರೇನು?"

ನನ್ನ ಮೈಯೆಲ್ಲ ಉರಿಯಿತು. "ಸುರಂಗ ಅಂತ ನಿಮ್ಮ ಕಾಲಿಗೆ ಗೊತ್ತಾಯ್ತು ಸರ್. ತಲೆಗೆ ಗೊತ್ತಾಗ್ಲಿಲ್ಲ."

ಸಭೆಗೆ ಸಭೆಯೇ ನಕ್ಕಿತು. ಅವರು ನಗಲಿಲ್ಲ. ಐದನ್ನು ಹೊಡೆದು ಹಾಕಿ ಮೂರು ಬರೆದರು, ಕೆಳಗೆ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿದರು. ಮುಂದಿನ ಸಂಚಿಕೆಯಲ್ಲಿ ಅದನ್ನೇ ಅಚ್ಚು ಹಾಕಿಸಿದರು, 'ಆಟ ಅರ್ಧಕ್ಕೇ ಕೆಟ್ಟು ನಿಲ್ಲುತ್ತದೆ' ಎಂಬ ಒಕ್ಕಣೆಯೊಂದಿಗೆ. ಶೇಖರಣ್ಣ ಬೇರೆ ಹುಡುಗನನ್ನು ನೋಡುತ್ತಿದ್ದಾರೆಂದು ಸುದ್ದಿ ಬಂತು. ನಾನು ಕಂಪ್ಯೂಟರನ್ನು ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದೆ. ಅವರ ಲೋಕಲ್ ಆ ಸುರಂಗದಲ್ಲೇ ಕೆಟ್ಟು ನಿಲ್ಲಲಿ ಎಂದು ದಿನಾ ಶಪಿಸುತ್ತಿದ್ದೆ, ಅದರಲ್ಲಿ ನಾನೂ ಇರುತ್ತೇನೆ ಎಂಬುದು ನೆನಪಾದರೂ ಸರಿಯೇ.

ಮೂರು ವಾರ ಕಳೆದಿತ್ತು. ಶನಿವಾರ ಮಧ್ಯಾಹ್ನ ವಿರುಪಾಕ್ಷಪ್ಪನವರು ಹೋಟೆಲಿಗೆ ಬಂದರು. ನಾನು ಗಲ್ಲಾದಲ್ಲಿದ್ದೆ. ಕಾಫಿ ಹೇಳಿ, ನನ್ನನ್ನೂ ಎದುರಿಗೆ ಕೂರಿಸಿಕೊಂಡರು. ಅಪ್ಪ ನೋಡುತ್ತಿದ್ದರೆಂದು ಕೂತೆ.

"ನಿನ್ನೆ ಗಾಡ್ಯಾಗ ಸುರಂಗ ಬಂತವಾ," ಎಂದು ಶುರು ಮಾಡಿದರು. "ನಾ ಎದ್ದು ನಿಂತೆ. ನಿಂತ ಮ್ಯಾಲೆ ನಿನ್ನ ಮಾತು ನೆನಪಾತು. ಸೀದಾ ಠಾಣೆಕ್ಕ ಇಳದು..."

"ಸಾಕು ಸರ್."

"ಅಲ್ಲವಾ, ಮುಂದ ಕೇಳು. ಅಲ್ಲಿಂದ ನಾನು..."

"ನಿಮ್ಮ ಪಶ್ಚಾತ್ತಾಪ ನನಗೆ ಬೇಡ. ಕಾಫಿ ಕುಡ್ದು ಹೋಗಿ."

ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು: ತಪ್ಪಾಯ್ತು, ದೊಡ್ಡ ಮನಸ್ಸು ಮಾಡು. ಅದನ್ನು ಕೇಳಿ ಅವರ ಮನಸ್ಸು ಹಗುರ ಮಾಡುವ ದರ್ದು ನನಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಠಾಣೆ ಸ್ಟೇಷನ್ನಿನಲ್ಲಿ ಶೇಖರಣ್ಣ ಸಿಕ್ಕಿದರು.

"ಎಂತ ವಾರಿಜಾ, ಆ ಸೋಮವಾರ ಬರ್ಲೇ ಇಲ್ಲ ನೀನು? ಇಡೀ ದಿನ ಕಾದೆ."

"ಯಾವ ಸೋಮವಾರ?"

"ಆ ಧಾರವಾಡದವರು ನಿನಗೆ ಹೇಳ್ಲಿಲ್ವಾ? ಅದರ ಹಿಂದಿನ ಶುಕ್ರವಾರ ಆಫೀಸಿಗೆ ಹೋಗುದು ಬಿಟ್ಟು ರಬಾಳೆಗೆ ಬಂದಿದ್ರು. ನಿನ್ನ ಕ್ಯಾಸೆಟ್ ಹಾಕಿಸಿ ಠಾಣೆ ಮುಟ್ಟುವವರೆಗೆ ಆಡಿದ್ರು, ನನ್ನನ್ನೂ ಆಡಿಸಿದ್ರು. ಒಂಬತ್ತು ಅಂತ ಬರೆದು ಕೊಟ್ರು. ಸೋಮವಾರ ಅವಳನ್ನು ಕಳಿಸಿ, ಕೆಲಸ ಅವಳದ್ದೇ ಅಂದೆ. ನೀನು ಬರ್ಲಿಲ್ಲ. ಮಂಗಳವಾರ ಆ ಹುಡುಗನನ್ನು ತಗೊಂಡೆ."

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅವತ್ತು ಹೋಟೆಲಿನಲ್ಲಿ, ಏನು ವಿಷಯ ಎಂದು ಅಪ್ಪ ವಿರುಪಾಕ್ಷಪ್ಪನವರನ್ನು ವಿಚಾರಿಸಿದ್ದರಂತೆ. "ಆಕಿಗೇ ಹೇಳೂದಿತ್ತು" ಎಂದರಂತೆ. ಒಂದು ಚೀಟಿ ಬರೆದಿಟ್ಟು ಹೋಗಲು ಏನಾಗಿತ್ತು ಆ ಮನುಷ್ಯನಿಗೆ, ಅಷ್ಟು ಬಿಗುಮಾನ ಯಾಕೆ ಎಂದು ನಾನು ಕೂಗಾಡಿದೆ.

"ನೀನು ತಿರುಗಿ ಬರ್ತಿ ಅಂತ ತುಂಬಾ ಹೊತ್ತು ಕೂತಿದ್ರು ಪಾಪ," ಎಂದರು ಅಪ್ಪ. "ಕಾಫಿ ಆರಿ ಹೋಗಿತ್ತು. ನಿನಗೆ ಗೊತ್ತಾಗ್ಲಿಲ್ಲ ಅಂತ ಕಾಣ್ತದೆ."

ಗೊತ್ತಿತ್ತು. ಅವರು ಕಾದಷ್ಟು ಹೊತ್ತೂ ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದೆ. ಅವರು ತಲೆ ತಗ್ಗಿಸಿ ಕೂತದ್ದನ್ನು ನೋಡಿ ನನಗೆ ಬಹಳ ಖುಷಿಯಾಗಿತ್ತು.