ಎಂಟನೆಯ ಸ್ಕ್ರೂ

"ಇದನ್ನ ಬಿಚ್ಚಪ್ಪಾ," ಎಂದಳು ಲದೀನಾ. "ಈ ಬೈಂಡಿಂಗು ನನ್ನ ಬೋರ್ಡಿಗೆ ಒಗ್ಗಲ್ಲ. ನಿನಗೂ ಗೊತ್ತು ಅದು."

ಕುರ್ದಿನ್ ಕೇಳಿಸಿಯೂ ಕೇಳಿಸದವನಂತೆ ಏಳನೆಯ ಸ್ಕ್ರೂ ಬಿಗಿಯುತ್ತಿದ್ದ. ಅವನ ಅಂಗಡಿಯ ಮೇಜಿನ ಮೇಲೆ ಮಗಳ ಸ್ನೋಬೋರ್ಡು ಮಲಗಿತ್ತು. ಅಂಚು ಸವೆದ, ಹೇಳಿದ ಮಾತು ಕೇಳುವಷ್ಟು ಬಾಗುವ ಹಳೆಯ ಬೋರ್ಡು. ಬೂಟನ್ನು ಬೋರ್ಡಿಗೆ ಕಚ್ಚಿಸಿಡಲು ಅದರ ಮೇಲೆ ಕೂತಿದ್ದ ಎರಡು ಬೈಂಡಿಂಗುಗಳು ಮಾತ್ರ ಹೊಚ್ಚ ಹೊಸವು, ಕಪ್ಪಗಿನವು, ಮಹಾ ಬಿರುಸು. ಮೀನಖಂಡಕ್ಕೆ ಆನಿಕೊಳ್ಳುವ ಹಿಂಬದಿಯ ಆಸರೆಯನ್ನು ಹೆಬ್ಬೆರಳಿನಿಂದ ಎಷ್ಟು ಒತ್ತಿದರೂ ಕೂದಲೆಳೆಯಷ್ಟೂ ಬಗ್ಗುತ್ತಿರಲಿಲ್ಲ. ಅದನ್ನು ಒತ್ತಿ ನೋಡಿದಾಗಲೆಲ್ಲ ಕುರ್ದಿನನ ಜೀವಕ್ಕೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

"ಅಪ್ಪಾ, ನಿನ್ನ ಹತ್ರಾನೇ ಮಾತಾಡ್ತಿರೋದು."

"ಕಿವಿ ಇದೆ ನಂಗೆ. ಬೂಟು ಹಾಕ್ಕೊಂಡು ಹತ್ತು ಮೇಲೆ. ಪಟ್ಟಿ ನೋಡಬೇಕು."

ಅವಳು ಹತ್ತಿದಳು. ಮಂಡಿ ಬಗ್ಗಿಸಿದಳು. ಲದೀನಾಳದ್ದು ಮೊದಲಿನಿಂದಲೂ ಒಂದೇ ವರಸೆ. ಕುಕ್ಕರಗಾಲಿಗೆ ಬಂದಷ್ಟು ಕೆಳಗೆ ಕುಸಿದು, ಕಣಕಾಲನ್ನು ಎಡಕ್ಕೆ ಬಲಕ್ಕೆ ತೂಗಿ, ಬೋರ್ಡನ್ನು ಗದರದೆ ಪುಸಲಾಯಿಸಿ ತಿರುಗಿಸುವವಳು. ಈಗ ಕುಸಿಯಹೋದರೆ ಹಿಂಬದಿಯ ಆಸರೆ ಗೋಡೆಯ ಹಾಗೆ ತಡೆಯಿತು. ಬೂಟು ಮೆತ್ತಗೆ, ಬೋರ್ಡು ಮೆತ್ತಗೆ, ನಡುವೆ ಇದೊಂದು ಕಬ್ಬಿಣದ ಕಡಲೆ.

"ನೋಡಿದ್ಯಾ? ಕಾಲೇ ಆಡ್ತಿಲ್ಲ," ಎಂದಳು.

"ಆಡಬಾರದು ಅಂತ್ಲೇ ಹಾಕಿರೋದು!" ದನಿ ಏರಿದ್ದು ಅವನಿಗೇ ಗೊತ್ತಾಯಿತು. ತಗ್ಗಿಸಿ ಹೇಳಿದ, "ಎರಡು ವರ್ಷದ ಹಿಂದೆ ಆಡಿತ್ತಲ್ಲ, ಸಾಲದಾ?"

ಎರಡು ಚಳಿಗಾಲದ ಹಿಂದೆ, ಊರಿನ ಮೇಲಿರುವ ಕಾಗೆಗೋಡೆ ಎಂಬ ಕಡಿದಾದ ಇಳಿಜಾರಿನಲ್ಲಿ, ಪಂದ್ಯದ ದಿನ, ಬಂಡೆಯಿಂದ ಹಾರಿ ನೆಲ ಮುಟ್ಟುವಾಗ ಲದೀನಾಳ ಎಡಗಾಲಿನ ಕಣಕಾಲು ಮುರಿದಿತ್ತು. ಎರಡು ಶಸ್ತ್ರಚಿಕಿತ್ಸೆ, ಹದಿನಾಲ್ಕು ತಿಂಗಳ ಕುಂಟು. ಇನ್ನೊಂದು ಸಲ ಅಲ್ಲೇ ಮುರಿದರೆ ಕೀಲನ್ನೇ ಬೆಸೆದುಬಿಡಬೇಕಾಗುತ್ತದೆ, ಆಮೇಲೆ ಬೋರ್ಡಿನ ಮಾತನ್ನೇ ಎತ್ತಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಂದು ಅವಳ ಕಾಲಲ್ಲಿದ್ದದ್ದು ಮೆತ್ತನೆಯ ಬೈಂಡಿಂಗು. ಆರಿಸಿಕೊಟ್ಟವನು ಅಪ್ಪನೇ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಅದೇ ಕಾಗೆಗೋಡೆಯಲ್ಲಿ ಮತ್ತೆ ಇಳಿಯುವವಳಿದ್ದಳು.

ಕಣಿವೆಯಲ್ಲಿ ಬೈಂಡಿಂಗು ಕೂರಿಸುವುದರಲ್ಲಿ ಕುರ್ದಿನನನ್ನು ಮೀರಿಸಿದವರಿಲ್ಲ. ಬಂದವರಿಗೆಲ್ಲ ಅವನದ್ದು ಒಂದೇ ಪಾಠ. ಮೊದಲು ಬೂಟು ತೋರಿಸು, ಆಮೇಲೆ ಬೋರ್ಡು, ಆಮೇಲೆ ನೀನು ಹೇಗೆ ಇಳೀತೀಯ ಅನ್ನೋದನ್ನ ತೋರಿಸು. ಮೂರಕ್ಕೂ ಹೊಂದಬೇಕು, ಒಂದಕ್ಕಲ್ಲ. ಗೆದ್ದವರು ಹಾಕಿದ್ದ ಬಿರುಸಿನ ಬೈಂಡಿಂಗೇ ಬೇಕು ಎಂದು ಹಟ ಹಿಡಿದವರಿಗೆ, "ಗೆದ್ದವರ ಕಾಲನ್ನೂ ತಂದಿದ್ದೀಯೇನಪ್ಪಾ?" ಎಂದು ಕೇಳಿ ಕಳಿಸುತ್ತಿದ್ದ. ಎಷ್ಟೋ ಗಿರಾಕಿಗಳು ಮುನಿಸಿಕೊಂಡು ಹೋಗಿ, ವಾರ ಕಳೆದು ತಿರುಗಿ ಬಂದಿದ್ದರು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿಗೆ ಬಿತ್ತು ಅಂತಾರಲ್ಲ, ಹಾಗಾಗಿತ್ತು ಈಗ ಅವನ ಕಥೆ.

ಆ ಅಂಗಡಿಯಲ್ಲಿ ಇನ್ನೊಂದು ಪದ್ಧತಿ ಇತ್ತು. ಎರಡು ಬೈಂಡಿಂಗಿಗೆ ನಾಲ್ಕು ನಾಲ್ಕರಂತೆ ಎಂಟು ಸ್ಕ್ರೂ. ಏಳನ್ನು ಕುರ್ದಿನ್ ಬಿಗಿಯುತ್ತಿದ್ದ, ಎಂಟನೆಯದನ್ನು ಇಳಿಯುವವರ ಕೈಗೇ ಬಿಡುತ್ತಿದ್ದ. ನಿನ್ನ ಬೋರ್ಡು, ನಿನ್ನ ಕಾಲು, ಜವಾಬ್ದಾರಿಯಲ್ಲಿ ನಿನ್ನದೂ ಪಾಲಿರಲಿ ಎಂದು. ಅವನ ಅಪ್ಪನ ಕಾಲದಿಂದ ನಡೆದುಬಂದದ್ದು. ಆದರೆ ಅವರು ಬಿಗಿದು ಆ ಕಡೆ ತಿರುಗಿದರೆಂದರೆ ಕುರ್ದಿನನಿಗೆ ಕೈ ತಡೆಯದು. ಮೆಲ್ಲಗೆ ಇನ್ನೂ ಕಾಲುಭಾಗ ಸುತ್ತು ತಿರುಗಿಸಿಯೇ ಬಿಡುತ್ತಿದ್ದ. ಇದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

ಅವನು ಸ್ಕ್ರೂಡ್ರೈವರನ್ನು ಮಗಳತ್ತ ಚಾಚಿದ. ಲದೀನಾ ಕೈ ಕಟ್ಟಿಕೊಂಡು ನಿಂತಳು.

"ನಾನು ಹಾಕಲ್ಲ. ಇದು ನಾನು ಆರಿಸಿದ್ದಲ್ಲ."

"ಇದಿಲ್ಲದಿದ್ರೆ ನಾಳೆ ಹೋಗೋದು ಬೇಡ."

"ನಂಗೆ ಇಪ್ಪತ್ತಾರು ವರ್ಷ ಅಪ್ಪಾ."

"ಕಣಕಾಲಿಗೆ ವಯಸ್ಸು ಗೊತ್ತಿರಲ್ಲ."

ಅವಳು ಬೂಟು ಕಳಚಿ ಹೊರಟುಹೋದಳು. ಎಂಟನೆಯ ಸ್ಕ್ರೂವನ್ನು ಕುರ್ದಿನ್ ತಾನೇ ಬಿಗಿದ. ಮೂವತ್ತೊಂದು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಬೆಳಿಗ್ಗೆ ಲದೀನಾ ಬಂದು ಬೋರ್ಡನ್ನು ಇದ್ದ ಹಾಗೇ ಎತ್ತಿಕೊಂಡು ಹೋದಳು. ಕುರ್ದಿನ್ ಹೊರಡುವಾಗ ಸ್ಕ್ರೂಡ್ರೈವರು, ಬಿಡಿ ಸ್ಕ್ರೂಗಳು, ಪಟ್ಟಿಗಳನ್ನೆಲ್ಲ ಚೀಲಕ್ಕೆ ತುಂಬಿದ. ಪಂದ್ಯದ ದಿನ ಮೇಲೆ ರಿಪೇರಿಗೆಂದು ನಿಲ್ಲುವವನು ಅವನೇ. ಬ್ರೆಡ್ಡು, ಒಣಮಾಂಸದ ಪೊಟ್ಟಣ ಇಟ್ಟ. ಆಮೇಲೆ ಬಗ್ಗಿ ಮೇಜಿನಡಿಯಿಂದ ಗೋಣಿಯಲ್ಲಿ ಸುತ್ತಿದ್ದ ಗಂಟೊಂದನ್ನು ಎಳೆದು ಅದನ್ನೂ ಚೀಲದ ತಳಕ್ಕೆ ತುರುಕಿದ.

ಕಾಗೆಗೋಡೆಯ ತುದಿಯಲ್ಲಿ ಗಾಳಿ ಕೊರೆಯುತ್ತಿತ್ತು. ಹೆಸರು ಕೂಗುವ ಪಟ್ಟಿ ಹಿಡಿದು ನಿಂತಿದ್ದವಳು ಮೆಂಗಿಯಾ, ಕುರ್ದಿನನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು. ಕೊರಳಲ್ಲಿ ದುರ್ಬೀನು, ಬಾಯಲ್ಲಿ ನಿಲ್ಲದ ಮಾತು.

"ಏನೋ ಕುರ್ದಿನ್, ಮುಖ ಯಾಕೋ ಹುಳಿ ಸೇಬು ಕಡಿದ ಹಾಗಿದೆ? ಇಳಿಯೋಳು ನಿನ್ನ ಮಗಳು ಕಣೋ, ನೀನಲ್ಲ."

"ನಾನೇ ಆಗಿದ್ರೆ ಚೆನ್ನಾಗಿತ್ತು."

"ನಿನ್ನ ಹೊಟ್ಟೆ ಆ ಹೊರಡೋ ಗೇಟಲ್ಲಿ ಹಿಡಿಸಲ್ಲ ಬಿಡು," ಎಂದು ನಕ್ಕಳು ಮೆಂಗಿಯಾ.

ಪಕ್ಕದ ಇಳಿಜಾರಿನಲ್ಲಿ ಲದೀನಾ ಮೈ ಬಿಸಿ ಮಾಡಿಕೊಳ್ಳಲೆಂದು ಇಳಿಯುತ್ತಿದ್ದಳು. ಕುರ್ದಿನ್ ಕಣ್ಣು ಕಿರಿದು ಮಾಡಿ ನೋಡಿದ. ಮೊದಲ ತಿರುವು ಹೇಗೋ ದಾಟಿತು. ಎರಡನೆಯದರಲ್ಲಿ ಬೋರ್ಡು ಗಕ್ಕನೆ ತಿರುಗಿ, ಅವಳ ಮೈ ಹಿಂದೆ ಉಳಿಯಿತು. ಮೂರನೆಯದರಲ್ಲಿ ಬೋರ್ಡು ಗಡಗಡ ನಡುಗಿತು, ಅಂಚು ಕಚ್ಚಿತು, ಅವಳು ಭುಜ ಕೊಟ್ಟು ಬಿದ್ದಳು. ಬೇರೆ ಯಾರೇ ಹೀಗೆ ಇಳಿದಿದ್ದರೂ ಅವನು ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದ: ಈ ಬೈಂಡಿಂಗು ಇವಳದ್ದಲ್ಲ, ಯಾರ್ರೀ ಹಾಕಿಕೊಟ್ಟ ಕತ್ತೆ?

ಲಿಫ್ಟಿನಿಂದ ಇಳಿದು ಬಂದವಳು ಬೋರ್ಡನ್ನು ಅವನ ಮುಂದೆ ಹಿಮಕ್ಕೆ ಒಗೆದಳು. ಕೆನ್ನೆಗೆ ಹಿಮ ಮೆತ್ತಿಕೊಂಡಿತ್ತು.

"ಗೆದ್ದವರ ಕಾಲು ತಂದಿದ್ದೀಯೇನಪ್ಪಾ?" ಎಂದಳು. ನಗಲಿಲ್ಲ.

ಮೆಂಗಿಯಾ ಒಂಬತ್ತನೆಯವನ ಹೆಸರು ಕೂಗಿದಳು. ಲದೀನಾ ಹದಿನಾಲ್ಕನೆಯವಳು.

"ಇದರಲ್ಲಿ ಇಳಿದ್ರೆ ಬಂಡೆ ಮೇಲೆ ತಿರುಗೋಕೇ ಆಗಲ್ಲ ಅಪ್ಪಾ. ಕಾಲು ಉಳಿಯುತ್ತೋ ಏನೋ, ಕತ್ತು ಹೋಗುತ್ತೆ."

"ಇಳೀಬೇಡ ಹಾಗಾದ್ರೆ," ಎಂದ. "ಮುಂದಿನ ವರ್ಷ ಕಳಿಸ್ತೀನಿ. ಈಗ ಬೇಡ. ಆವತ್ತಿನ ಬೈಂಡಿಂಗು ಹಾಕಿಕೊಟ್ಟೋನು ನಾನು ಲದೀನಾ. ಇನ್ನೊಂದು ಸಲ ನನ್ನ ಕೈಯಾರೆ ನಿನ್ನ ಕಾಲು ಮುರಿಯೋ ಶಕ್ತಿ ನಂಗಿಲ್ಲ."

ಲದೀನಾ ಅವನ ಮುಖವನ್ನೇ ನೋಡಿದಳು. ಆಮೇಲೆ ಹಿಮದ ಮೇಲೆ ಕುಕ್ಕರಿಸಿದಳು.

"ಬೈಂಡಿಂಗು ಅಲ್ಲ ಅಪ್ಪಾ."

"ಏನು?"

"ಆವತ್ತು. ಬೈಂಡಿಂಗು ಏನೂ ಮಾಡಲಿಲ್ಲ. ಇಲ್ಲೇ ಕಾಯ್ತಾ ನಿಂತಿದ್ದೆ, ಕಾಲ್ಬೆರಳೆಲ್ಲ ಮರಗಟ್ಟಿತ್ತು. ಕಣಕಾಲಿನ ಪಟ್ಟೀನ ಬೀಗದಲ್ಲಿ ಮೂರು ಹಲ್ಲು ಸಡಿಲ ಬಿಟ್ಟಿದ್ದೆ, ರಕ್ತ ಓಡಾಡಲಿ ಅಂತ. ಅಷ್ಟರಲ್ಲಿ ಹೆಸರು ಕೂಗಿದ್ರು. ಹಾಗೇ ಹೋದೆ."

ಕುರ್ದಿನನಿಗೆ ಮೊದಲು ಅರ್ಥವೇ ಆಗಲಿಲ್ಲ. ಈ ಬೆಟ್ಟದ ಮೇಲೆ ಕಾಯುವವರೆಲ್ಲ ಮಾಡುವುದು ಅದನ್ನೇ. ಚಳಿಗೆ ಪಟ್ಟಿ ಸಡಿಲಿಸುವುದು, ಸರದಿ ಬಂದಾಗ ಬಿಗಿಯುವುದು. ಮಕ್ಕಳಿಗೂ ಹೇಳಿಕೊಡುವ ಪಾಠ. ಆ ಪಾಠವನ್ನು ಅವಳಿಗೆ ಆರನೆಯ ವಯಸ್ಸಿನಲ್ಲಿ ಹೇಳಿಕೊಟ್ಟವನು ಅವನೇ.

"ಬಿಗಿಯೋದು ಮರೆತ್ಯಾ?"

"ಮರೆತೆ."

"ಎರಡು ವರ್ಷ!" ಅವನ ದನಿಗೆ ಸಾಲಿನಲ್ಲಿದ್ದವರು ತಿರುಗಿ ನೋಡಿದರು. "ಎರಡು ವರ್ಷ ನಾನು ಅನ್ನ ನೀರು ನೆಟ್ಟಗೆ ಇಳಿಯದೆ... ಆ ಥರದ ಬೈಂಡಿಂಗನ್ನೇ ಅಂಗಡಿಯಿಂದ ಎತ್ತಿ ಎಸೆದೆ ಕಣೇ! ಬಾಯಿಗೆ ಏನಾಗಿತ್ತು ನಿಂಗೆ?"

"ಆಸ್ಪತ್ರೆಗೆ ಬಂದ ತಕ್ಷಣ ನೀನು ಅಳೋಕೆ ಶುರು ಮಾಡಿದೆ. ತಪ್ಪು ನಂದು, ತಪ್ಪು ನಂದು ಅಂತ. ನೀನು ಅತ್ತಿದ್ದು ನಾನು ನೋಡೇ ಇರಲಿಲ್ಲ. ಹೇಗೆ ಹೇಳಲಿ? ನಾಳೆ ಹೇಳೋಣ ಅನ್ಕೊಂಡೆ. ನಾಳೆ ನಾಳೆ ಅಂತ ನಾಚಿಕೆ ಬೆಳೀತಾ ಹೋಯ್ತು." ಅವಳು ಕೈಗವಸಿನಿಂದ ಮೂಗು ಒರೆಸಿಕೊಂಡಳು. "ಬೈಯಿ ಬೇಕಾದ್ರೆ. ಹೊಡೆದ್ರೂ ಸರಿ."

ಕುರ್ದಿನನಿಗೆ ಸಿಟ್ಟು ನೆತ್ತಿಗೇರಿತ್ತು. ಅದರ ಹಿಂದೆಯೇ ಎದೆಯ ಮೇಲಿದ್ದ ಬಂಡೆಯೊಂದು ಉರುಳಿಬಿದ್ದ ಹಾಗಾಗಿ, ಅವನೂ ಅವಳ ಪಕ್ಕ ಹಿಮದಲ್ಲಿ ಕೂತ. ಬೈಯಲು ಎರಡು ವರ್ಷದ ಮಾತು ಇತ್ತು.

"ಹನ್ನೊಂದನೆಯವರು!" ಎಂದು ಕೂಗಿದಳು ಮೆಂಗಿಯಾ.

ಅವನು ಚೀಲ ಎಳೆದುಕೊಂಡು, ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿ, ಗೋಣಿಯ ಗಂಟನ್ನು ಹೊರತೆಗೆದು ಬಿಚ್ಚಿದ. ಮಾಸಿದ ಹಸಿರು ಬಣ್ಣದ ಹಳೆಯ ಬೈಂಡಿಂಗುಗಳು. ಎಡಗಡೆಯದರ ಹಿಂಬದಿಯ ಆಸರೆಯ ಮೇಲೆ ಅಂದಿನ ಬಂಡೆಯ ಗೀರು ಹಾಗೇ ಇತ್ತು.

"ಎಸೆದೆ ಅಂದಿದ್ಯಲ್ಲ?"

"ಎಲ್ಲ ಎಸೆದೆ. ಇದನ್ನ ಎಸೆಯೋಕೆ ಆಗಲಿಲ್ಲ." ಅಷ್ಟರಲ್ಲಾಗಲೇ ಅವನ ಕೈ ಕಪ್ಪು ಬೈಂಡಿಂಗಿನ ಮೊದಲ ಸ್ಕ್ರೂ ಬಿಚ್ಚುತ್ತಿತ್ತು. "ಸುಮ್ಮನೆ ನೋಡ್ತಾ ಕೂರಬೇಡ. ಈ ಸ್ಕ್ರೂಗಳನ್ನ ಕೈಗವಸಿನೊಳಗೆ ಹಾಕ್ಕೋ, ಬೆಚ್ಚಗಿರಲಿ. ಒಂದು ಬೀಳಿಸಿದ್ಯೋ, ವಸಂತ ಬರೋವರೆಗೂ ಸಿಗಲ್ಲ."

ಬೋರ್ಡಿನ ತೂತುಗಳಿಗೆ ಹಿಮ ಹೋಗದಂತೆ ಮೈ ಅಡ್ಡ ಹಿಡಿದು ಕೂತ. ಹೋಗಿದ್ದನ್ನು ಬೆಂಕಿಕಡ್ಡಿಯಿಂದ ಕೆರೆದು ಊದಿದ. ಹಸಿರು ಬೈಂಡಿಂಗನ್ನು ಕೂರಿಸುವ ಮುನ್ನ ಅದರ ಪಟ್ಟಿ ಎಳೆದು, ಬೀಗ ಎತ್ತಿ ಬಿಟ್ಟು, ಎಲ್ಲಾದರೂ ಸೀಳು ಇದೆಯೇ ಎಂದು ಉಗುರಿನಿಂದ ತಡಕಿದ. ಹಿಂಬದಿಯ ಆಸರೆಯನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಬಾಗಿತು. ಭಯವಾಯಿತು, ಆದರೂ ಕೈ ನಿಲ್ಲಲಿಲ್ಲ. ಕೈಗೆ ಕೆಲಸ ಗೊತ್ತಿತ್ತು. ಮುಂಗಾಲಿಗೆ ಹದಿನೆಂಟು ಡಿಗ್ರಿ, ಹಿಂಗಾಲಿಗೆ ಮೂರು. ಅವಳ ಕೋನ ಅವನಿಗೆ ಅವಳ ಹುಟ್ಟುಹಬ್ಬದಷ್ಟೇ ಬಾಯಿಪಾಠ.

"ಲೋ, ಹನ್ನೆರಡು ಹೋಯ್ತು," ಎಂದಳು ಮೆಂಗಿಯಾ. ಈ ಸಲ ತಮಾಷೆ ಇರಲಿಲ್ಲ. "ಹೆಸರು ಕೂಗಿದ ಮೇಲೆ ಒಂದು ನಿಮಿಷ ಅಷ್ಟೇ ಕೊಡೋದು ನಾನು. ಗೆಳೆಯ ಗಿಳೆಯ ಏನೂ ಇಲ್ಲ."

"ಯಾರು ಕೇಳಿದ್ರು ನಿನ್ನ?"

ಬೆರಳುಗಳು ಮರಗಟ್ಟುತ್ತಿದ್ದವು. ಐದನೆಯ ಸ್ಕ್ರೂ ಜಾರಿತು. ಹಿಮಕ್ಕೆ ಬೀಳುವ ಮೊದಲೇ ಲದೀನಾ ಅಂಗೈಯಲ್ಲಿ ಹಿಡಿದಳು. ಆರು. ಹದಿಮೂರನೆಯವನು ಗೇಟಿಗೆ ಹೋದ. ಏಳು.

ಕುರ್ದಿನ್ ಸ್ಕ್ರೂಡ್ರೈವರನ್ನು ಚಾಚಿದ. ಅವಳು ತೆಗೆದುಕೊಂಡಳು. ಕೈಗವಸಿನೊಳಗಿದ್ದ ಕೊನೆಯ ಸ್ಕ್ರೂವನ್ನು ಕೂರಿಸಿ, ತುಟಿ ಕಚ್ಚಿಕೊಂಡು, ನಿಧಾನವಾಗಿ ಬಿಗಿದಳು. ಇನ್ನು ತಿರುಗದು ಎನ್ನುವವರೆಗೆ ಬಿಗಿದು, ಬೈಂಡಿಂಗನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಸ್ಕ್ರೂಡ್ರೈವರನ್ನು ಹಿಂದಿರುಗಿಸಿದಳು. ಆಮೇಲೆ ಬೇಕೆಂದೇ ಮುಖವನ್ನು ಆ ಕಡೆಗೆ ತಿರುಗಿಸಿ ಹೇಳಿದಳು, "ನಾನು ನೋಡ್ತಿಲ್ಲ. ನಿನ್ನ ಕಾಲು ಸುತ್ತು ತಿರುಗಿಸ್ಕೋ."

ಅವನು ಎಂಟನೆಯ ಸ್ಕ್ರೂವನ್ನು ನೋಡಿದ. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ.

"ಎದ್ದೇಳು, ಹೊತ್ತಾಯ್ತು," ಎಂದ.

ಗೇಟಿನಲ್ಲಿ ಅವಳು ಕಾಯುತ್ತಾ ನಿಂತಳು. ಹದಿಮೂರನೆಯವನು ಕೆಳಗೆ ಮುಟ್ಟುವ ತನಕ ಬಿಡುವಂತಿಲ್ಲ. ಅವಳು ಬಗ್ಗಿ ಎಡಗಾಲಿನ ಪಟ್ಟಿಯನ್ನು ಸಡಿಲಿಸಿದ್ದು ಕುರ್ದಿನನಿಗೆ ಕಂಡಿತು. ಕಾಲ್ಬೆರಳು ಮರಗಟ್ಟಿರಬೇಕು. ಕೂಗಿ ಹೇಳಬೇಕೆಂದು ಅವನ ಬಾಯಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿದ.

"ಹದಿನಾಲ್ಕು! ಲದೀನಾ!"

ಅವಳು ಮುಂದಕ್ಕೆ ವಾಲಿದಳು. ಆಗ ಅವಳು ತಡೆದು, ಬಗ್ಗಿ, ಪಟ್ಟಿಯ ಬೀಗಕ್ಕೆ ಕೈ ಹಾಕಿದಳು. ಟಕ್. ಟಕ್. ಟಕ್. ಗಾಳಿಯಲ್ಲೂ ಮೂರೂ ಹಲ್ಲು ಕಚ್ಚಿದ್ದು ಅವನ ಕಿವಿಗೆ ಬಿತ್ತು. ಮರುಕ್ಷಣ ಅವಳು ಅಲ್ಲಿರಲಿಲ್ಲ.

ಮೊದಲ ನಾಲ್ಕು ತಿರುವು ಅವನಿಗೆ ಕಂಡವು. ಕುಸಿದು, ತೂಗಿ, ಪುಸಲಾಯಿಸಿ, ಅವಳದ್ದೇ ವರಸೆ. ಆಮೇಲೆ ಬಂಡೆಯ ಅಂಚು ಬಂತು. ಅದರಾಚೆ ಮೇಲಿನಿಂದ ಏನೂ ಕಾಣುವುದಿಲ್ಲ. ಅವಳು ಅಂಚಿನಿಂದ ಹಾರಿದಳು, ಅಷ್ಟೇ. ಒಂದು ಮುಷ್ಟಿ ಹಿಮ ಮೇಲೆದ್ದು ಗಾಳಿಯಲ್ಲಿ ಕರಗಿತು. ಮೆಂಗಿಯಾ ದುರ್ಬೀನಿನಲ್ಲಿ ಕಣ್ಣು ನೆಟ್ಟಿದ್ದಳು. ಜೇಬಿನೊಳಗೆ ಕುರ್ದಿನನ ಕೈ ಸ್ಕ್ರೂಡ್ರೈವರನ್ನು ಕಾಲು ಸುತ್ತು ತಿರುಗಿಸಿತು. ಮತ್ತೆ ಕಾಲು ಸುತ್ತು.

"ತಗೋ," ಎಂದು ಮೆಂಗಿಯಾ ದುರ್ಬೀನನ್ನು ಅವನ ಕೈಗೆ ತುರುಕಿದಳು.

ಅವನಿಗೆ ಮೊದಲು ಬರೀ ಬಿಳುಪು ಕಂಡಿತು, ಆಮೇಲೆ ಪಂದ್ಯ ಮುಗಿಯುವ ಜಾಗದ ಕಂಬ, ಆಮೇಲೆ ಜನ. ಅವರಿಂದ ಸ್ವಲ್ಪ ದೂರದಲ್ಲಿ ಲದೀನಾ ಹಿಮದ ಮೇಲೆ ಕೂತಿದ್ದಳು. ಬಗ್ಗಿ ಪಟ್ಟಿ ಬಿಚ್ಚುತ್ತಿದ್ದಳು. ಎಡಗಾಲನ್ನು ಮೊದಲು ಹೊರತೆಗೆದಳು, ಅದರ ಮೇಲೆಯೇ ಭಾರ ಊರಿ ಎದ್ದು ನಿಂತಳು. ಬೂಟಿಗೆ ಮೆತ್ತಿದ ಹಿಮ ಉದುರಲೆಂದು ಆ ಕಾಲನ್ನು ನೆಲಕ್ಕೆ ಎರಡು ಸಲ ಕುಟ್ಟಿದಳು.