ಎಣಿಸಬಾರದ ಕುರಿಗಳ ಲೆಕ್ಕ

ಮದಕರಿಪುರದ ಕಡೆ ಹೋಗುವ ರಸ್ತೆಯ ಆ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತದ ಪೀರಿಯಡ್ ಶುರುವಾಯಿತೆಂದು ತಿಳಿಯಲು ಯಾರಿಗೂ ಗಂಟೆಯ ಸದ್ದು ಬೇಕಿರಲಿಲ್ಲ. ಎದುರಿನ ಟೀ ಅಂಗಡಿಯ ಚಂದ್ರಕ್ಕ ಗದ್ದಲ ಕೇಳಿಯೇ “ಹನ್ನೊಂದೂಕಾಲಾತು” ಎಂದು ಎರಡನೇ ಸಲ ಹಾಲು ಒಲೆಗಿಡುತ್ತಿದ್ದಳು. ಒಬ್ಬ ಹಗ್ಗ ಹಿಡಿದು ಗೋಡೆ ಅಳೆಯುವನು, ಇನ್ನೊಬ್ಬಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಎಳೆದು ಅದರೊಳಗೆ ತಾನೇ ಹೋಗಿ ಕೂರುವಳು, ನಾಲ್ವರು ಒಂದೇ ಉತ್ತರಕ್ಕೆ ನಾಲ್ಕು ದಾರಿ ಹಿಡಿದು ನಂದೇ ಸರಿ, ನಂದೇ ಸರಿ ಎಂದು ಕಿರುಚುವರು. ಪ್ರೀತಿ ಮಿಸ್ ಇದಕ್ಕೆ ಇಟ್ಟ ಹೆಸರು ಸಮಗ್ರ ಗಣಿತ. ಸೋಮವಾರ ಅಂಕಗಣಿತ, ಬುಧವಾರ ಬೀಜಗಣಿತ, ಶುಕ್ರವಾರ ರೇಖಾಗಣಿತ ಎಂದು ಹಂಚಿಡುವುದು ಅವರಿಗೆ ಆಗಿಬರುತ್ತಿರಲಿಲ್ಲ. ಒಂದೇ ಲೆಕ್ಕದೊಳಗೆ ಮೂರೂ ಬರಬೇಕು.

“ಸಾರಿನಾಗಿನ ಉಪ್ಪು ಬ್ಯಾರೆ, ಹುಳಿ ಬ್ಯಾರೆ, ಖಾರ ಬ್ಯಾರೆ ಮೂರು ಬಟ್ಟಲಾಗೆ ಬಡಿಸಿದ್ರೆ ಉಣ್ತೀರೇನ್ರೋ?” ಎಂದು ಕೇಳುತ್ತಿದ್ದರು.

“ಇಲ್ಲಾ ಮಿಸ್!” ಎಂದು ಹೆಂಚು ಹಾರುವಂತೆ ಉತ್ತರ ಬರುತ್ತಿತ್ತು.

ಅಲ್ಲಿ ಬೆರೆತದ್ದು ಬರೀ ಗಣಿತವಲ್ಲ. ಒಂದೇ ಕಾಂಪೌಂಡಿನಲ್ಲಿ ಕನ್ನಡ ಶಾಲೆ, ಉರ್ದು ಶಾಲೆ ಎರಡೂ ಇದ್ದವು. ನಡುವೆ ಸೊಂಟದೆತ್ತರದ ಗೋಡೆ. ಉರ್ದು ಶಾಲೆಯ ಗಣಿತದ ಮೇಷ್ಟ್ರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅವರ ಕುರ್ಚಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ. ಅದು ಖಾಲಿಯಾಗಿಯೇ ಡ್ಯೂಟಿ ಮಾಡುತ್ತಿತ್ತು. ಆ ಎರಡು ವರ್ಷ ಉರ್ದು ಶಾಲೆಯ ಹುಡುಗಿ ಆತಿಕಾಳ ಪಾಲಿಗೆ ಗಣಿತದ ಪೀರಿಯಡ್ ಎಂದರೆ ಗಿಡಗಳಿಗೆ ನೀರು ಹಾಕುವುದು. ಬೇವಿನ ಸಸಿಗಳೆಲ್ಲ ಪಾಸಾಗಿ ಮರವಾಗುವತ್ತ ಹೊರಟವು, ಮಕ್ಕಳು ಭಿನ್ನರಾಶಿಯಲ್ಲೇ ಉಳಿದರು.

ಜೂನ್ ತಿಂಗಳಲ್ಲಿ ಒಂದು ದಿನ ಪ್ರೀತಿ ಮಿಸ್ ಯಾರ ಅಪ್ಪಣೆಗೂ ಕಾಯದೆ ಗೋಡೆಯ ಮೇಲಿಂದ ಬಗ್ಗಿ, “ಬರ್ರಿ ಮಕ್ಕಳಾ, ನಿಮ್ಮ ಬೆಂಚು ನೀವೇ ಹೊತ್ಕೊಂಡ್ ಬರ್ರಿ” ಎಂದುಬಿಟ್ಟರು. ಬಾಗಿಲಿನ ಸುತ್ತು ದಾರಿ ಯಾರಿಗೆ ಬೇಕು? ಹದಿನೇಳು ಮಕ್ಕಳು ಬೆಂಚುಗಳನ್ನು ಗೋಡೆ ದಾಟಿಸಿದರು. ಆತಿಕಾಳ ಬೆಂಚಿನ ಕಾಲು ಕಲ್ಲಿಗೆ ಸಿಕ್ಕಿಕೊಂಡಾಗ ಆಚೆಯಿಂದ ಎರಡು ಕೈ ಬಂದು ಎಳೆದವು. “ನನ್ ಪಕ್ಕಕ್ಕೆ ಹಾಕ್ಲೇ, ಜಾಗ ಐತೆ” ಎಂದವಳು ಮೋನಿಕಾ, ಹಟ್ಟಿಯ ಕುರಿಗಾಹಿಗಳ ಮನೆಯ ಹುಡುಗಿ. ಅಂದಿನಿಂದ ಇಬ್ಬರದೂ ಒಂದೇ ಬೆಂಚು, ಒಂದೇ ಕೈವಾರ, ಒಂದೇ ಬೈಗುಳ.

ಆತಿಕಾಳಿಗೆ ಗಣಿತ ತಲೆಗೇರಿಬಿಟ್ಟಿತು. ಅಬ್ಬಾ ಹಜರತ್ ಅಲಿ ಪೇಟೆಯಲ್ಲಿ ತಗಡಿನ ಟ್ರಂಕು ಮಾಡುವವರು. ಆ ಟ್ರಂಕುಗಳು ಈಗ ಅವಳ ಕಣ್ಣಿಗೆ ಬಿಚ್ಚಿ ಹಾಸಿದ ಆರು ಆಯತಗಳಾಗಿ ಕಾಣುತ್ತಿದ್ದವು. ಊಟಕ್ಕೆ ಕೂತಾಗ ರೊಟ್ಟಿಯ ಸುತ್ತಳತೆ ಹೇಳಿ ಅಮ್ಮಿಯಿಂದ ಬೈಸಿಕೊಂಡಳು. ಬೈದ ಅಮ್ಮಿಯೇ ಮರುದಿನ ಪಕ್ಕದ ಮನೆಯವರಿಗೆ, “ನಮ್ ಹುಡುಗಿ ರೊಟ್ಟಿನೂ ಅಳೀತಾಳೆ” ಎಂದು ಹೇಳಿಕೊಂಡು ಓಡಾಡಿದರು.

ಇಂಥ ತರಗತಿಗೆ ಒಂದು ಶುಕ್ರವಾರ ತನಿಖೆಗೆಂದು ರಘುನಾಥ್ ಎಂಬ ಅಧಿಕಾರಿ ಬಂದರು. ಕಂಕುಳಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು, ಅದರ ಮೇಲೆ ಟೈಪಾಗಿ ಸಹಿಗೆ ಕಾದಿದ್ದ ಒಂದು ಆದೇಶ: ಸೋಮವಾರದಿಂದ ಎರಡೂ ಶಾಲೆಯ ಮಕ್ಕಳು ಅವರವರ ಕಟ್ಟಡದಲ್ಲೇ ಕೂರತಕ್ಕದ್ದು. ಈ ನಾಡಿನಲ್ಲಿ ಮಕ್ಕಳನ್ನು ಬೇರೆ ಬೇರೆ ಕೂರಿಸುವ ಕಾಗದ ಎಷ್ಟು ಚುರುಕಾಗಿ ನಡೆಯುತ್ತದೋ, ಒಬ್ಬ ಮೇಷ್ಟ್ರನ್ನು ಕಳಿಸುವ ಕಾಗದ ಅಷ್ಟೇ ಕುಂಟುತ್ತದೆ.

ರಘುನಾಥ್ ಅದನ್ನು ಓದಿ ಹೇಳಿದಾಗ ಆತಿಕಾ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವರವರ ಕಟ್ಟಡ ಎಂದರೆ ಖಾಲಿ ಕುರ್ಚಿ. ಮತ್ತೆ ಕೈಯಲ್ಲಿ ನೀರಿನ ಕ್ಯಾನು.

“ನೋಡಿ ಮೇಡಂ,” ಎಂದು ರಘುನಾಥ್ ಕಟ್ಟು ಬಿಚ್ಚಿದರು. “ಬೆರೆಸಿ ಕೂರಿಸಿದ್ದರ ಫಲ. ಸಾಮೂಹಿಕ ನಕಲು.”

“ನಕಲಾ? ನನ್ ಮಕ್ಕಳಾ?” ಪ್ರೀತಿ ಮಿಸ್ ಮುಖ ಕೆಂಪಾಯಿತು. ತಿದ್ದಿದವರು ಬೇರೆ ಶಾಲೆಯವರು, ಮಿಸ್ ಈ ಪತ್ರಿಕೆಗಳನ್ನು ನೋಡುತ್ತಿರುವುದು ಇದೇ ಮೊದಲು.

ರಘುನಾಥ್ ಎಲ್ಲರಿಗೂ ಕೇಳುವಂತೆ ಪ್ರಶ್ನೆ ಓದಿದರು. ಒಂದು ದೊಡ್ಡಿಯಲ್ಲಿ ಕೆಲವು ಕುರಿಗಳೂ ಇಬ್ಬರು ಕುರಿಗಾಹಿಗಳೂ ಇದ್ದಾರೆ. ಒಟ್ಟು ಕಾಲುಗಳು ನೂರ ಎಪ್ಪತ್ತೆರಡು. ಹಾಗಾದರೆ ಕುರಿಗಳೆಷ್ಟು? ಒಂದು ಕುರಿಗೆ ಒಂದು ಚದರ ಮೀಟರ್ ಜಾಗ ಬೇಕು, ದೊಡ್ಡಿ ಆಯತಾಕಾರದ್ದು, ಉದ್ದ ಏಳು ಮೀಟರ್. ಅಗಲವೆಷ್ಟು?

“ಕುರಿಗಳೆಷ್ಟು ಅಂದ್ರೆ ಹತ್ತೊಂಬತ್ತು ಮಕ್ಕಳು ಒಂದೇ ಮಾತು ಬರೆದಿದ್ದಾರೆ. ಕೇಳಿ: ‘ಇರೋವಷ್ಟು ಅವೆ.’ ಇದೊಂದು ಉತ್ತರಾನಾ? ಮಜಾ ಏನಪ್ಪ ಅಂದ್ರೆ, ಅಗಲ ಮಾತ್ರ ಹತ್ತೊಂಬತ್ತೂ ಜನರದ್ದು ಸರಿ. ಆರು ಮೀಟರ್! ಕುರಿ ಎಷ್ಟು ಅಂತ ಗೊತ್ತಿಲ್ಲದೆ ದೊಡ್ಡಿಯ ಅಗಲ ಹೆಂಗ್ರೀ ಗೊತ್ತಾಯ್ತು? ಪಕ್ಕದಲ್ಲಿ ಕೂತ ಉರ್ದು ಶಾಲೆ ಮಕ್ಕಳದ್ದು ನೋಡ್ಕೊಂಡು ಬರೆದಿದ್ದಾರೆ.”

ಕನ್ನಡ ಬೆಂಚುಗಳ ಕಡೆಯಿಂದ ಕಿಸಕ್ಕೆಂದು ನಗು. ಹಟ್ಟಿಯ ಹತ್ತೊಂಬತ್ತು ಮಂದಿ ತಲೆ ತಗ್ಗಿಸಿಕೊಂಡು ನಗು ನುಂಗಲು ಒದ್ದಾಡುತ್ತಿದ್ದರು. ಬೈಯುವಾಗ ನಕ್ಕರೆ ಅಧಿಕಾರಿಗಳಿಗೆ ಸಿಟ್ಟು ಎರಡರಷ್ಟಾಗುತ್ತದೆ. ರಘುನಾಥ್ ಸಹಿಗೆಂದು ಪೆನ್ನಿನ ಕ್ಯಾಪ್ ತೆಗೆದರು.

ಆತಿಕಾಳಿಗೆ ಒಮ್ಮೆಲೇ ಹೊಳೆಯಿತು. ದಸರಾ ರಜದಲ್ಲಿ ಅವಳು ಮೋನಿಕಾಳ ಹಟ್ಟಿಗೆ ಹೋಗಿದ್ದಳು. ಬೇಲಿಯೊಳಗಿನ ಹಿಂಡು ನೋಡಿ ಖುಷಿಯಾಗಿ ಬೆರಳು ಚಾಚಿ ಒಂದು, ಎರಡು, ಮೂರು ಎನ್ನತೊಡಗಿದ್ದೇ ತಡ, ಮೋನಿಕಾಳ ಅಜ್ಜಿ ತಿಪ್ಪಕ್ಕ ಬಂದು ಬೆರಳನ್ನು ಹಿಡಿದು ಮಡಿಸಿಬಿಟ್ಟಿದ್ದಳು. “ಎಣಿಸಬ್ಯಾಡವ್ವ. ಎಣಿಸಿದ್ರೆ ಹಿಂಡು ಸೊರಗ್ತೈತೆ.” ಮತ್ತೆ ಸಂಜೆ ಎಲ್ಲ ಬಂದವೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ ಅಜ್ಜಿ ನಕ್ಕಿದ್ದಳು: “ಯಾವ್ದು ಬಂದಿಲ್ಲ ಅಂತ ನೋಡ್ತೀನಿ, ಎಷ್ಟು ಬಂದಿಲ್ಲ ಅಂತಲ್ಲ. ನಿಮ್ಮವ್ವ ನಿಮ್ಮನ್ನ ಎಣಿಸ್ತಾಳೇನು?” ಯಾರಾದರೂ ಕುರಿ ಎಷ್ಟಿವೆ ಎಂದು ಕೇಳಿದರೆ ಆ ಮನೆಗಳಲ್ಲಿ ಸಿಗುವ ಉತ್ತರ ಒಂದೇ. ಇರೋವಷ್ಟು ಅವೆ.

ಅವಳು ಎದ್ದು ನಿಂತಳು.

“ಸಾರ್, ಅವ್ರು ನಕಲು ಮಾಡಿಲ್ಲ. ಅವ್ರು ಕುರಿ ಎಣಿಸಂಗಿಲ್ಲ.”

“ಏನಂದೆ?”

“ಎಣಿಸಂಗಿಲ್ಲ ಸಾರ್. ಮೋನಿಕಾ, ಹೇಳ್ಲೇ!”

ಮೋನಿಕಾ ಮುಖ ಒರೆಸಿಕೊಂಡು ಎದ್ದಳು. “ಹೌದು ಸಾ. ಅದ್ರಾಗೂ ಈಗ ಮರಿ ಹಾಕೋ ಕಾಲ.”

“ಅಮ್ಮ ತಾಯಿ, ಅದು ಪ್ರಶ್ನೆಪತ್ರಿಕೆಯಲ್ಲಿರೋ ಕುರಿ! ಸುಮ್ಮನೆ ಊಹೆ ಮಾಡ್ಕೊಂಡ ಕುರಿ!”

“ನಮ್ ಕುರಿಗೆ ಅದು ಗೊತ್ತಾಗಲ್ಲಲ್ಲ ಸಾ,” ಎಂದಳು ಮೋನಿಕಾ ವಿನಯವಾಗಿ.

ಆ ಕಡೆಯ ಬೆಂಚಿನ ಜುಬೇರ್ ಹೊಟ್ಟೆ ಹಿಡಿದುಕೊಂಡು ಬೆಂಚಿನ ಕೆಳಗೇ ಜಾರಿದ. ಪ್ರೀತಿ ಮಿಸ್ ಸೆರಗು ಬಾಯಿಗೆ ಅಡ್ಡ ಹಿಡಿದರು. ಅವರು ಹೊಳಲ್ಕೆರೆ ಪೇಟೆಯವರು. ಕುರಿಯನ್ನು ದೂರದಿಂದ ಮಾತ್ರ ಕಂಡವರು. ಈ ವಿಷಯ ಅವರಿಗೂ ಹೊಸದು.

“ಹಂಗಾದ್ರೆ ಅಗಲ ಹೆಂಗೆ ಬಂತು?” ರಘುನಾಥ್ ಬಿಡಲಿಲ್ಲ. “ಬಾ, ಬೋರ್ಡಿನ ಮೇಲೆ ಮಾಡು. ಇಲ್ಲಾಂದ್ರೆ ನಾನು ಸಹಿ ಹಾಕ್ತೀನಿ.”

ಮೋನಿಕಾ ಸೀಮೆಸುಣ್ಣ ಎತ್ತಿಕೊಂಡಳು. ಹಿಂಡಿಗೆ ‘ಹಿಂ’ ಎಂದು ಬರೆದಳು. “ಇದು ನಮ್ ಹಿಂಡು ಸಾ. ಎಷ್ಟು ಅಂತ ಕೇಳಬ್ಯಾಡ್ರಿ. ಒಂದಕ್ಕೆ ನಾಲ್ಕು ಕಾಲು, ಕಾಲು ಎಣಿಸ್ಬೋದು, ಅದಕ್ಕೇನಿಲ್ಲ. ಇಬ್ರು ಮನುಷ್ಯರವು ನಾಲ್ಕು. ಅವನ್ನ ಕಳೀರಿ.” ಬೋರ್ಡಿನ ಮೇಲೆ ನಾಲ್ಕು ಹಿಂ ಸಮ ನೂರ ಅರವತ್ತೆಂಟು ಎಂದು ಮೂಡಿತು. ಅದರ ಕೆಳಗೆ ಹಿಂ ಸಮ ನೂರ ಅರವತ್ತೆಂಟರ ಕೆಳಗೆ ನಾಲ್ಕು, ನಡುವೆ ಗೆರೆ. ಅಲ್ಲಿಗೆ ನಿಂತಳು.

“ಭಾಗಿಸು!” ಎಂದರು ರಘುನಾಥ್.

“ಇಲ್ಲಿ ಭಾಗಿಸಂಗಿಲ್ಲ ಸಾ, ಭಾಗಿಸಿದ್ರೆ ಎಣಿಸ್ದಂಗೆ. ಹಂಗೇ ಎತ್ಕೊಂಡ್ ಹೋಗಾಣ ಬರ್ರಿ.” ಆಯತ ಎಳೆದಳು, ಉದ್ದಕ್ಕೆ ಏಳು ಬರೆದಳು, ಗೆರೆಯ ಕೆಳಗಿನ ನಾಲ್ಕರ ಪಕ್ಕಕ್ಕೆ ಇನ್ನೊಂದು ಏಳನ್ನು ಕೂರಿಸಿದಳು. ನಾಲ್ಕೇಳಲ ಇಪ್ಪತ್ತೆಂಟು. ನೂರ ಅರವತ್ತೆಂಟನ್ನು ಇಪ್ಪತ್ತೆಂಟರಿಂದ ಒಂದೇ ಏಟಿಗೆ ಹೊಡೆದಳು. ಆರು. “ಇದು ಮೀಟರ್ ಸಾ. ಮೀಟರ್‌ಗೆ ದೃಷ್ಟಿ ತಾಗಲ್ಲ.”

ಹಟ್ಟಿಯ ಹದಿನೆಂಟು ಬಾಯಿಗಳು “ನಾವೂ ಹಂಗೇ ಮಾಡಿದ್ದು ಸಾ!” ಎಂದು ಕೂಗಿದವು. ಪ್ರೀತಿ ಮಿಸ್ ಬೋರ್ಡಿನ ಹತ್ತಿರ ಬಂದು ‘ಹಿಂ’ ಮೇಲೆ ಬೆರಳಿಟ್ಟರು. ಗೊತ್ತಿಲ್ಲದ್ದಕ್ಕೆ ಒಂದು ಅಕ್ಷರ ಕೊಟ್ಟು, ಅದನ್ನು ಬಿಚ್ಚದೆಯೇ ಮುಂದೆ ಸಾಗುವುದನ್ನು ಕಲಿಸಲು ಅವರು ಎರಡು ತಿಂಗಳು ಗಂಟಲು ಹರಿದುಕೊಂಡಿದ್ದರು. ತಿಪ್ಪಕ್ಕ ಅದನ್ನು ಬೇಲಿಯ ಪಕ್ಕದಲ್ಲೇ ಕಲಿಸಿ ಮುಗಿಸಿದ್ದಳು.

ರಘುನಾಥ್ ಬೋರ್ಡನ್ನು ಎರಡು ಸಲ ಓದಿದರು. ತಪ್ಪು ಸಿಗಲಿಲ್ಲ. ತಪ್ಪು ಸಿಗದ ಅಧಿಕಾರಿಯ ಸಂಕಟ ದೊಡ್ಡದು. “ಲೆಕ್ಕ ಸರಿ ಅಂತಿಟ್ಕೊಳ್ಳೋಣ. ಆದ್ರೂ ಕೇಳಿದ ಸಂಖ್ಯೆಗೆ ಸಂಖ್ಯೆ ಹೇಳ್ಬೇಕು. ಹೇಳಲ್ಲ ಅನ್ನೋದು ಶಿಸ್ತಲ್ಲ. ಸಂಖ್ಯೆ ಕೇಳಿದ್ರೆ ಹೇಳದೇ ಇರೋರು ಎಲ್ಲಾದ್ರೂ ಉಂಟೇನಮ್ಮ?”

ಆತಿಕಾ ಇನ್ನೂ ಕೂತಿರಲಿಲ್ಲ. “ಸಾರ್, ಒಂದು ಕೇಳ್ಲಾ?”

“ಕೇಳು.”

“ನಮ್ ತಾಲ್ಲೂಕಿನಾಗೆ ಗಣಿತದ ಟೀಚರ್ ಇಲ್ದಿರೋ ಶಾಲೆ ಎಷ್ಟು ಅವೆ ಸಾರ್?”

ರಘುನಾಥ್ ಪೆನ್ನಿನ ಕ್ಯಾಪ್ ಹಾಕಿದರು, ತೆಗೆದರು, ಮತ್ತೆ ಹಾಕಿದರು.

“ಅದು... ಅದನ್ನೆಲ್ಲ ನಾವು ಹೇಳೋ ಹಾಗಿಲ್ಲಮ್ಮ. ಮೇಲಿನವರು ಹೇಳ್ಬೇಕು.”

ಆಮೇಲೆ ಜುಬೇರ್ ಬೆಂಚಿನ ಕೆಳಗಿನಿಂದಲೇ ಸಾರಿದ: “ಲೇ! ಸಾರ್‌ಗೂ ಎಣಿಸಂಗಿಲ್ವಂತೆ ಕಣ್ರೋ!”

“ಇರೋವಷ್ಟು ಅವೆ!” ಎಂದು ಹಟ್ಟಿಯ ಮಕ್ಕಳು ಒಕ್ಕೊರಲಿನಿಂದ ಕೂಗಿದರು.

ನಗು ಎಂದರೆ ಅದು ನಗು. ಬೆಂಚುಗಳು ಕುಣಿದವು, ಫರೀಹಾ ಎಂಬ ಹುಡುಗಿಗೆ ಬಿಕ್ಕಳಿಕೆ ಹತ್ತಿತು, ಪ್ರೀತಿ ಮಿಸ್ ಸೆರಗನ್ನು ಬಾಯಿಂದ ತೆಗೆದು ಬಹಿರಂಗವಾಗಿಯೇ ನಕ್ಕರು. ಈ ನಗುವಿನಲ್ಲಿ ಅವಿಧೇಯತೆ ಎಷ್ಟಿತ್ತೋ ನ್ಯಾಯವೂ ಅಷ್ಟೇ ಇತ್ತು. ಕುರಿಯ ಸಂಖ್ಯೆ ಮುಚ್ಚಿಟ್ಟ ತಿಪ್ಪಕ್ಕನ ಹಿಂಡು ಕಡಿಮೆಯಾಗಿರಲಿಲ್ಲ. ಖಾಲಿ ಹುದ್ದೆಯ ಸಂಖ್ಯೆ ಮುಚ್ಚಿಟ್ಟವರ ಕೈಯಲ್ಲಿ ಎರಡು ವರ್ಷದ ಗಣಿತವೇ ಕಡಿಮೆಯಾಗಿತ್ತು.

ರಘುನಾಥ್ ಗದರಲೆಂದು ಬಾಯಿ ತೆರೆದರು. ಬಂದದ್ದು ಬೇರೆ. “ನಾನೂ ಮೇಷ್ಟ್ರಾಗಿದ್ದೋನೇ ಕಣ್ರೋ, ಹೊಸದುರ್ಗದಲ್ಲಿ. ಹನ್ನೊಂದು ವರ್ಷ.” ಸೀಮೆಸುಣ್ಣ ಕೈಗೆತ್ತಿಕೊಂಡರು. “ಆಯ್ತು, ಕುರಿ ಬೇಡ. ಕೋಳಿ ಎಣಿಸಬಹುದೋ?”

“ಓಹೋ! ಬೇಕಾದಷ್ಟು ಸಾ!”

“ಸಂಖ್ಯೆ ಹೇಳಿದ್ರೆ ನಕಲಿನ ಮಾತು ಇಲ್ಲಿಗೇ ಬಿಟ್ಟೆ. ಕೆಲವು ಕೋಳಿ, ಇಬ್ಬರು ಹೆಂಗಸರು. ಒಟ್ಟು ಕಾಲು...” ಎಂದು ಸೂರು ನೋಡಿ ಒಂದು ಸಂಖ್ಯೆ ಹಿಡಿದು ಬೋರ್ಡಿಗೇರಿಸಿದರು, “ಐವತ್ತೇಳು.”

ಮೂವತ್ತಾರು ತಲೆಗಳು ಬಗ್ಗಿದವು. ಅರೆನಿಮಿಷವೂ ಆಗಲಿಲ್ಲ, ಹಿಂದಿನ ಬೆಂಚಿನಿಂದ ಒಂದು ದನಿ: “ಇಪ್ಪತ್ತಾರೂವರೆ ಕೋಳಿ ಸಾ!”

“ಏನು?”

“ಅರ್ಧ ಕೋಳಿ ಯಾರು ತಿಂದ್ರು ಸಾರ್?” ಎಂದ ಜುಬೇರ್.

ರಘುನಾಥ್ ತಿರುಗಿ ಬೋರ್ಡು ನೋಡಿದರು, ಬೆರಳು ಮಡಿಸಿದರು, ಕಿವಿಯ ತುದಿಯವರೆಗೆ ಕೆಂಪಾದರು. ಅಳಿಸಲೆಂದು ಡಸ್ಟರ್ ಎತ್ತಿದಾಗ ಮೋನಿಕಾ, “ತಡೀರಿ ಸಾ, ಅಳಿಸಬ್ಯಾಡ್ರಿ. ಲೆಕ್ಕ ಸರಿಯಾಗೇ ಐತೆ. ಇಪ್ಪತ್ತೇಳು ಕೋಳಿ. ಅದ್ರಾಗೊಂದು ಕುಂಟಿ” ಎಂದಳು.

ಅಧಿಕಾರಿ ಡಸ್ಟರ್ ಕೆಳಗಿಟ್ಟು ಮೇಜಿಗೆ ಒರಗಿ ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಆದೇಶವನ್ನು ಎಳೆದುಕೊಂಡು, ಸಹಿಯ ಜಾಗದಲ್ಲಿ ಬರೆದರು: ಪರಿಶೀಲಿಸಲಾಗಿ ನಕಲು ಕಂಡುಬಂದಿಲ್ಲ. ಎರಡೂ ಶಾಲೆಯ ಮಕ್ಕಳು ಒಟ್ಟಿಗೇ ಕೂರುವುದು. ಪೆನ್ನು ಎತ್ತುವ ಮೊದಲು ಆತಿಕಾಳ ಕಡೆ ಒಮ್ಮೆ ನೋಡಿ ಇನ್ನೊಂದು ಸಾಲು ಸೇರಿಸಿದರು: ಉರ್ದು ಶಾಲೆಯ ಗಣಿತ ಹುದ್ದೆ ಎರಡು ವರ್ಷದಿಂದ ಖಾಲಿ, ಕೂಡಲೇ ತುಂಬುವುದು.

ಆತಿಕಾ ಎದುರಿನಿಂದ ಬಗ್ಗಿ ಆ ಸಾಲನ್ನು ತಲೆಕೆಳಗಾಗಿಯೇ ಓದಿದಳು. ಉಸಿರು ಬಿಟ್ಟು ಬೆಂಚಿಗೆ ಧೊಪ್ಪನೆ ಕೂತಳು. ಮೋನಿಕಾ ಅವಳ ತೊಡೆ ಚಿವುಟಿದಳು, ಇವಳು ಜಡೆ ಎಳೆದಳು.

ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ಕುಂಟ ಕೋಳಿಗೆ ಸಮೀಕರಣದಲ್ಲಿ ಬೇರೆ ಅಕ್ಷರ ಕೊಡಬೇಕೋ, ಅಥವಾ ಹಿಂಡಿನೊಳಗೇ ಸೇರಿಸಿಕೊಂಡು ಕೊನೆಯಲ್ಲಿ ಒಂದು ಕಾಲು ಕಳೆಯಬೇಕೋ ಎಂಬ ಬಗ್ಗೆ ತರಗತಿ ಎರಡು ಪಕ್ಷವಾಗಿತ್ತು. ಕನ್ನಡ ಬೆಂಚಿನವರು ಅರ್ಧ ಈ ಕಡೆ, ಅರ್ಧ ಆ ಕಡೆ. ಉರ್ದು ಬೆಂಚಿನವರೂ ಹಾಗೆಯೇ.

“ಬ್ಯಾರೆ ಅಕ್ಷರ ಯಾಕ್ಲೇ, ಕುಂಟಿ ಆದ್ರೂ ಕೋಳಿನೇ!” ಎಂದು ಆತಿಕಾ ಬೆಂಚಿನ ಮೇಲೆ ಹತ್ತಿ ಕೂಗಿದಳು.

“ಇಳಿಯಮ್ಮ ಕೆಳಗೆ,” ಎಂದು ರಘುನಾಥ್ ಬೋರ್ಡಿನ ಮೇಲೆ ಒಂದು ಕಾಲನ್ನು ಕಳೆಯತೊಡಗಿದರು.